ತುಂಡು ಬಿಲ್ಲೆ ಹುಡುಕುತ್ತಾ: ಪೋರ್ಚುಗಲ್‌ನ ಗೋಡೆಗಳ ಮುಂದೆ ಎಂಟು ದಿನ

2023ರ ಅಕ್ಟೋಬರ್‌ನ ಒಂದು ಸೋಮವಾರ ಬೆಳಿಗ್ಗೆ ನಾನೂ ನನ್ನ ಅಕ್ಕನೂ ಲಿಸ್ಬನ್‌ನ ರಾಷ್ಟ್ರೀಯ ಅಜುಲೇಜು ವಸ್ತುಸಂಗ್ರಹಾಲಯದ ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದೆವು. ಅಜುಲೇಜು ಎಂದರೆ ಮೆರುಗು ಹಚ್ಚಿ ಸುಟ್ಟ ಗೋಡೆ ಬಿಲ್ಲೆ. ಹೊಳಪಿನ ಸಣ್ಣ ಕಲ್ಲು ಎಂಬ ಅರ್ಥದ ಅರಬ್ಬೀ ಪದದಿಂದ ಬಂದ ಹೆಸರು ಇದು. ಆ ಬಿಲ್ಲೆಗಳನ್ನು ನೋಡುವುದಕ್ಕೆಂದೇ ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದಿದ್ದ ನಾನು ಸೋಮವಾರ ಅಲ್ಲಿ ರಜೆ ಎಂಬುದನ್ನು ಮಾತ್ರ ಓದಿರಲಿಲ್ಲ. ಬದಲಿಗೆ ಜೆರೋನಿಮೋಸ್ ಮಠಕ್ಕೆ ಹೋಗೋಣವೆಂದರೆ ಅದಕ್ಕೂ ಸೋಮವಾರವೇ ರಜೆ. ಅಕ್ಕ ಏನೂ ಅನ್ನಲಿಲ್ಲ, ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. ಆಮೇಲೆ ನದಿಯ ಗುಂಟ ಅಲ್ಫಾಮಾ ಕೇರಿಯ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟೆವು. ಪ್ರವಾಸದಲ್ಲಿ ನಾನು ಹೆಚ್ಚು ಕಲಿತದ್ದು ಆ ನಡಿಗೆಯಲ್ಲೇ.

ಮೈಸೂರಿನ ಒಂದು ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ನಕ್ಷೆ ಬರೆಯುತ್ತಿದ್ದೇನೆ. ಬಚ್ಚಲುಮನೆಯ ಗೋಡೆಗೆ ಟೈಲ್ಸ್ ಕೂರಿಸುವ ನಕ್ಷೆಗಳನ್ನು ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಗೋಡೆಯ ಅಳತೆ ಬಿಲ್ಲೆಯ ಅಳತೆಗೆ ಸರಿಯಾಗಿ ಭಾಗವಾಗುವುದು ಅಪರೂಪವಾದ್ದರಿಂದ, ಎಲ್ಲೋ ಒಂದು ಕಡೆ ಬಿಲ್ಲೆಯನ್ನು ಕತ್ತರಿಸಲೇಬೇಕಾಗುತ್ತದೆ. ಆ ತುಂಡನ್ನು ಬಾಗಿಲ ಹಿಂದೆಯೋ ಬೇಸಿನ್ನಿನ ಕೆಳಗೋ ಕಣ್ಣಿಗೆ ಬೀಳದ ಹಾಗೆ ಕೂರಿಸುವುದೇ ನಮ್ಮ ಕಸುಬಿನ ಜಾಣತನ. ಹೀಗಾಗಿ ಯಾವ ಗೋಡೆ ಕಂಡರೂ ನನ್ನ ಕಣ್ಣು ಮೊದಲು ಹುಡುಕುವುದು ತುಂಡು ಎಲ್ಲಿದೆ ಎಂಬುದನ್ನು. ಇದು ಚಂದವನ್ನು ಸವಿಯುವ ರೀತಿಯೇ ಎಂದು ಯಾರಾದರೂ ಕೇಳಬಹುದು. ನನಗೆ ಮಾತ್ರ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಹೊರಡುವ ಮೊದಲು ಮಾಡಿಕೊಂಡ ಸಿದ್ಧತೆ ಅಲ್ಪವೇ. ಹಳೆಯ ಪೋರ್ಚುಗೀಸ್ ಬಿಲ್ಲೆಗಳು ಸುಮಾರು 14 ಸೆಂಟಿಮೀಟರ್ ಚೌಕದವು ಎಂದು ತಿಳಿದಿದ್ದರಿಂದ, ಅದೇ ಅಳತೆಗೆ ದಪ್ಪ ಕಾಗದವನ್ನು ಕತ್ತರಿಸಿ ಐವತ್ತು ಹಾಳೆಗಳ ಕಟ್ಟು ಮಾಡಿಕೊಂಡೆ. ಜೊತೆಗೆ ಎರಡು ಪೆನ್ಸಿಲ್, ಹಕ್ಕಿ ನೋಡುವವರು ಬಳಸುವಂಥ ಹಗುರವಾದ ದುರ್ಬೀನು, ಒಂದು ಟೇಪು. ಯಾವ ಗೋಡೆಯ ಮುಂದೆ ನಿಂತರೂ ಮೊದಲ ಕಾಲು ಗಂಟೆ ಫೋನ್ ಹೊರಗೆ ತೆಗೆಯಬಾರದೆಂದೂ, ದಿನಕ್ಕೆ ಎರಡು ಜಾಗಗಳಿಗಿಂತ ಹೆಚ್ಚು ನೋಡಬಾರದೆಂದೂ ನಿಯಮ ಹಾಕಿಕೊಂಡೆವು. ಮೊದಲನೆಯದನ್ನು ನಾನು ಮುರಿದೆ, ಎರಡನೆಯದನ್ನು ಅಕ್ಕ ಮುರಿಯಗೊಡಲಿಲ್ಲ.

ಅಲ್ಫಾಮಾದ ಸುತ್ತಮುತ್ತಲಿನ ಸಾಧಾರಣ ಮನೆಗಳ ಮುಂಗೋಡೆಗಳಿಗೂ ನೆಲದಿಂದ ಸೂರಿನವರೆಗೆ ಬಿಲ್ಲೆ ಹೊದಿಸಿರುತ್ತಾರೆ. ಚರ್ಚು, ಅರಮನೆಗಳ ಒಳಗೋಡೆಯಲ್ಲಿದ್ದ ಬಿಲ್ಲೆ ಹೀಗೆ ಬೀದಿಗೆ ಬಂದದ್ದು 19ನೇ ಶತಮಾನದಲ್ಲಿ; ಬ್ರೆಜಿಲ್‌ನಲ್ಲಿ ದುಡಿದು ಹಣ ಮಾಡಿಕೊಂಡು ಹಿಂದಿರುಗಿದವರು ಈ ರೂಢಿಯನ್ನು ಬೆಳೆಸಿದರೆಂದು ಹೇಳುತ್ತಾರೆ. ಮಳೆನೀರು ಗೋಡೆಗೆ ಇಳಿಯುವುದಿಲ್ಲ, ತೊಳೆದರೆ ಹೊಸದರಂತೆ ಕಾಣುತ್ತದೆ, ಮತ್ತೆ ಮತ್ತೆ ಬಣ್ಣ ಬಳಿಯಬೇಕಾಗಿಲ್ಲ. ಬೇಡಿಕೆ ಹೆಚ್ಚಿದಂತೆ ಕಾರ್ಖಾನೆಗಳು ಒಂದೊಂದನ್ನೂ ಕೈಯಲ್ಲಿ ಬರೆಯುವುದನ್ನು ಬಿಟ್ಟು, ಕತ್ತರಿಸಿದ ಅಚ್ಚಿನ ಮೇಲೆ ಕುಂಚ ಎಳೆದು ಬಣ್ಣ ತುಂಬತೊಡಗಿದವು. ಹತ್ತಿರ ಹೋಗಿ ನೋಡಿದರೆ ಹೂವಿನ ಎಸಳಿನ ಅಂಚು ಕತ್ತಿಯಲ್ಲಿ ಕೊಯ್ದಷ್ಟು ನೇರವಾಗಿದ್ದು, ಎಸಳಿನ ಒಳಗೆ ಮಾತ್ರ ಕುಂಚದ ಕೂದಲುಗಳು ಎಳೆದ ಗೆರೆಗಳು ಕಾಣುತ್ತವೆ. ಅಂಚು ಅಚ್ಚಿನದು, ಗೆರೆ ಕೈಯದು.

ಒಂದು ಹಸಿರು ಬಾಗಿಲ ಮನೆಯ ಮುಂದೆ ನಾನು ವಿನ್ಯಾಸದ ಆವರ್ತನ ಎಷ್ಟು ಬಿಲ್ಲೆಗಳದ್ದೆಂದು ತಿಳಿಯದೆ ಒದ್ದಾಡುತ್ತಿದ್ದೆ. ನಲವತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಡುವ ಅಕ್ಕ ಒಂದು ನಿಮಿಷ ನೋಡಿ, “ಇದರಲ್ಲಿ ಏನಿದೆಯೇ? ಕಾಲು ಭಾಗ ಬರೆದು ನಾಲ್ಕು ಸಲ ತಿರುಗಿಸಿದ್ದಾರೆ, ಅಷ್ಟೇ” ಎಂದಳು. ನಿಜ. ಒಂದು ಬಿಲ್ಲೆಯಲ್ಲಿದ್ದದ್ದು ಹೂವಿನ ಕಾಲು ಭಾಗ ಮಾತ್ರ. ಒಂದೇ ಬಗೆಯ ನಾಲ್ಕು ಬಿಲ್ಲೆಗಳನ್ನು ಒಂದು ಬಿಂದುವಿನ ಸುತ್ತ ತಿರುಗಿಸಿ ಕೂರಿಸಿದಾಗ ಹೂ ಅರಳುತ್ತದೆ, ಎದುರು ಮೂಲೆಗಳು ಕೂಡಿದ ಕಡೆ ಯಾರೂ ಬೇರೆಯಾಗಿ ಬರೆಯದ ಒಂದು ನಕ್ಷತ್ರವೂ ಮೂಡುತ್ತದೆ. ಹಾಗೆ ಓದಲು ಬಂದ ಮೇಲೆ ತಪ್ಪುಗಳೂ ಕಣ್ಣಿಗೆ ಬೀಳತೊಡಗಿದವು. ಅದೇ ಗೋಡೆಯಲ್ಲಿ ಎರಡನೆಯ ಮಹಡಿಯ ಕಿಟಕಿಯ ಪಕ್ಕ ಯಾವುದೋ ಕಾಲದ ದುರಸ್ತಿಯಲ್ಲಿ ಒಂದು ಬಿಲ್ಲೆಯನ್ನು ತಿರುವು ತಪ್ಪಿಸಿ ಕೂರಿಸಿದ್ದರಿಂದ, ನೂರಾರು ಪೂರ್ತಿ ಹೂಗಳ ನಡುವೆ ಒಂದು ಮಾತ್ರ ಎಸಳು ಹೊರಳಿಸಿಕೊಂಡು ಕೂತಿತ್ತು. ಇನ್ನು ತುಂಡುಗಳನ್ನು ಅವರು ಅಡಗಿಸಿಯೇ ಇರಲಿಲ್ಲ. ಕಿಟಕಿಯ ಕಲ್ಲಿನ ಚೌಕಟ್ಟಿನ ಸುತ್ತ ಬೇರೆ ವಿನ್ಯಾಸದ ಕಿರಿದಾದ ಅಂಚುಪಟ್ಟಿ ಹಾಕಿ, ಹೂಗಳನ್ನು ಆ ಪಟ್ಟಿಯ ಹಿಂದೆ ಅರ್ಧಕ್ಕೆ ನಿಲ್ಲಿಸಿದ್ದರು. ಸೀರೆಯ ಅಂಚಿನ ಹತ್ತಿರ ಬುಟ್ಟಾ ಅರ್ಧವಾದರೆ ಯಾರೂ ಅದನ್ನು ತಪ್ಪೆನ್ನುವುದಿಲ್ಲವಲ್ಲ, ಹಾಗೆ. ಈ ಉಪಾಯ ನನ್ನ ಮುಂದಿನ ನಕ್ಷೆಗೆ ಬೇಕು ಎಂದು ಹಾಳೆಯ ಹಿಂದೆ ಬರೆದುಕೊಂಡೆ.

ಮಾರನೆಯ ದಿನ ಸಂತ ಕ್ಲಾರಾ ಬಯಲಿನಲ್ಲಿ ಮಂಗಳವಾರ ಮತ್ತು ಶನಿವಾರ ನಡೆಯುವ ಹಳೆಯ ಸಾಮಾನುಗಳ ಸಂತೆಗೆ ಹೋದೆವು. ಹಾಸಿದ ಬಟ್ಟೆಯ ಮೇಲೆ ಬಿಡಿ ಬಿಲ್ಲೆಗಳ ರಾಶಿಯಿತ್ತು. ಕೈಗೆತ್ತಿಕೊಂಡದ್ದರ ಬೆನ್ನಿಗೆ ಇನ್ನೂ ಸುಣ್ಣದ ಗಾರೆ ಅಂಟಿತ್ತು. ಕೊಳ್ಳಬೇಕೆಂಬ ಆಸೆಯಾಗಿ ಬೆಲೆಯನ್ನೂ ಕೇಳಿದೆ. ಆಮೇಲೆ ನೆನಪಾಯಿತು: ಹಳೆಯ ಗೋಡೆಗಳಿಂದ ಬಿಲ್ಲೆ ಕಿತ್ತು ಮಾರುವ ಕಳ್ಳತನ ಆ ದೇಶದ ದೊಡ್ಡ ಪಿಡುಗು, ಅದನ್ನು ತಡೆಯಲು 2007ರಲ್ಲಿ ಅಲ್ಲಿನ ತನಿಖಾ ಪೊಲೀಸರ ವಸ್ತುಸಂಗ್ರಹಾಲಯವೇ ‘ಎಸ್‌ಒಎಸ್ ಅಜುಲೇಜು’ ಎಂಬ ಯೋಜನೆ ಆರಂಭಿಸಿತು. ಸಂತೆಯಲ್ಲಿದ್ದದ್ದೆಲ್ಲ ಕದ್ದ ಮಾಲೆಂದು ನಾನು ಹೇಳುತ್ತಿಲ್ಲ. ಆದರೆ ಯಾವುದು ಕೆಡವಿದ ಮನೆಯದು, ಯಾವುದು ನಿಂತಿರುವ ಮನೆಯದು ಎಂದು ಗಾರೆಯನ್ನು ನೋಡಿ ಹೇಳುವುದು ಸಾಧ್ಯವಿಲ್ಲ. ಕೆಳಗಿಟ್ಟು ಬಂದೆ.

ಅಂದು ಮಧ್ಯಾಹ್ನ ವಸ್ತುಸಂಗ್ರಹಾಲಯ ತೆರೆದಿತ್ತು. ರಾಣಿ ಲಿಯೊನೋರ್ 1509ರಲ್ಲಿ ಸ್ಥಾಪಿಸಿದ ಮಾದ್ರೆ ದೆ ದೇವುಸ್ ಕನ್ಯಾಮಠದ ಕಟ್ಟಡವೇ ಈಗಿನ ವಸ್ತುಸಂಗ್ರಹಾಲಯ. ಅಲ್ಲಿ ತಂತ್ರದ ಬೆಳವಣಿಗೆ ಸರಿಯಾಗಿ ಅರ್ಥವಾಗುತ್ತದೆ. ಮೊದಮೊದಲಿನ ಬಿಲ್ಲೆಗಳಲ್ಲಿ ಒಂದು ಬಣ್ಣ ಕರಗಿ ಇನ್ನೊಂದಕ್ಕೆ ಹರಿಯದಂತೆ ನಡುವೆ ಮಣ್ಣಿನ ಸಣ್ಣ ಏಣುಗಳನ್ನು ಬಿಡುತ್ತಿದ್ದರು, ಇಲ್ಲವೇ ಎಣ್ಣೆಜಿಡ್ಡಿನ ಗೆರೆ ಎಳೆಯುತ್ತಿದ್ದರು. 16ನೇ ಶತಮಾನದಲ್ಲಿ ತವರದ ಆಕ್ಸೈಡ್ ಬೆರೆಸಿದ ಬಿಳಿ ಮೆರುಗು ಬಂದ ಮೇಲೆ ಈ ಏಣುಗಳ ಹಂಗು ತಪ್ಪಿತು. ಬಿಳಿಯ ಮೇಲೆ ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಹಸಿರು, ಆಂಟಿಮನಿಯಿಂದ ಹಳದಿ, ಮ್ಯಾಂಗನೀಸ್‌ನಿಂದ ನೇರಳೆ ಬಣ್ಣಗಳನ್ನು ಪಡೆದು ಕಾಗದದ ಮೇಲೆ ಬರೆದಂತೆ ಬರೆಯಬಹುದಾಯಿತು. ಚೀನಾದ ಪಿಂಗಾಣಿಯ ಮತ್ತು ಡಚ್ಚರ ಬಿಲ್ಲೆಗಳ ಮೋಹ ಹೆಚ್ಚಿ 17ನೇ ಶತಮಾನದ ಕೊನೆಯ ಹೊತ್ತಿಗೆ ನೀಲಿ ಬಿಟ್ಟು ಉಳಿದ ಬಣ್ಣಗಳು ಹಿಂದೆ ಸರಿದವು.

ಮೇಲಿನ ಮಹಡಿಯಲ್ಲಿ ಸುಮಾರು 1700ರಲ್ಲಿ ಬರೆದ ಲಿಸ್ಬನ್‌ನ ನದೀತೀರದ ಚಿತ್ರವಿದೆ. ಉದ್ದ ಸುಮಾರು 23 ಮೀಟರ್. 1755ರ ನವೆಂಬರ್ 1ರ ಭೂಕಂಪದಲ್ಲಿ ಅಳಿದುಹೋದ ನಗರ ಇಲ್ಲಿ ನೀಲಿ ಬಣ್ಣದಲ್ಲಿ ಉಳಿದಿದೆ. ನದಿಯ ಅಂಚಿನಲ್ಲೇ ನಿಂತಿದ್ದ ರಾಜರ ಅರಮನೆಯನ್ನು ದುರ್ಬೀನಿನಲ್ಲಿ ಹುಡುಕಿ ಹಿಡಿದೆ. ಹಿಂದಿನ ಸಂಜೆ ನಾವು ನಡೆದಾಡಿದ ವಿಶಾಲವಾದ ಚೌಕ ಆ ಜಾಗದ್ದೇ. ಅರಮನೆ ಹೋಗಿ ಇನ್ನೂರೈವತ್ತು ವರ್ಷ ದಾಟಿದ್ದರೂ ಊರಿನವರು ಇವತ್ತಿಗೂ ಅದನ್ನು ‘ಅರಮನೆಯಂಗಳ’ ಎಂದೇ ಕರೆಯುತ್ತಾರೆ.

ಲಿಸ್ಬನ್‌ನ ಬೆಲೇಂ ಬಡಾವಣೆಯ ಜೆರೋನಿಮೋಸ್ ಮಠ ಬಿಲ್ಲೆಯದಲ್ಲ, ಕಲ್ಲಿನದು. ಕಟ್ಟಡದ ಕೆಲಸ 16ನೇ ಶತಮಾನದ ಆರಂಭದಲ್ಲಿ, ದೊರೆ ಮ್ಯಾನ್ಯುವೆಲ್‌ನ ಕಾಲದಲ್ಲಿ ಶುರುವಾಯಿತು. ಆಫ್ರಿಕಾದಿಂದಲೂ ಪೂರ್ವ ದೇಶಗಳಿಂದಲೂ ಬರುತ್ತಿದ್ದ ಸರಕಿನ ಮೇಲೆ ನೂರಕ್ಕೆ 5ರಂತೆ ಎತ್ತಿದ ತೆರಿಗೆಯ ಹಣ ಇದಕ್ಕೆ ಸಂದಿತು. ಆ ಕಾಲದಲ್ಲಿ ಪೋರ್ಚುಗೀಸರು ಪೂರ್ವದಿಂದ ಒಯ್ಯುತ್ತಿದ್ದ ಮುಖ್ಯ ಸರಕು ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು; ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ ಅದೇ ಶತಮಾನದಲ್ಲೇ. ಇದನ್ನು ತಿಳಿದು ಒಳಗೆ ಹೋದರೆ ಚಂದವನ್ನು ಮೆಚ್ಚುವ ಮನಸ್ಸಿಗೆ ಸ್ವಲ್ಪ ಖಾರ ತಾಗುತ್ತದೆ. ಮೆಚ್ಚದಿರಲು ಮಾತ್ರ ನನ್ನಿಂದಾಗಲಿಲ್ಲ.

ಮ್ಯಾನ್ಯುವೆಲ್‌ನ ಹೆಸರಿನಿಂದಲೇ ಕರೆಯಲ್ಪಡುವ ಈ ಶೈಲಿಯಲ್ಲಿ ಹಡಗಿನ ಹಗ್ಗ, ಖಗೋಳದ ಬಳೆಗಳನ್ನು ಜೋಡಿಸಿದ ಗೋಳ, ಕ್ರಿಸ್ತನ ಸೈನಿಕ ಸಂಘದ ಶಿಲುಬೆ ಮತ್ತೆ ಮತ್ತೆ ಬರುತ್ತವೆ. ಬೆಳಿಗ್ಗೆಯೇ ಒಳಗಿನ ಮೊಗಸಾಲೆಗೆ ಹೋಗಿದ್ದರಿಂದ ಬಿಸಿಲು ಓರೆಯಾಗಿ ಬಿದ್ದು, ಕೆತ್ತನೆಯ ತಗ್ಗುಗಳಲ್ಲೆಲ್ಲ ನೆರಳು ನಿಂತಿತ್ತು. ನೆತ್ತಿಯ ಮೇಲೆ ಸೂರ್ಯ ಬಂದಾಗ ಅದೇ ಕಂಬ ಚಪ್ಪಟೆಯಾಗಿ ಕಾಣುತ್ತದೆ. ಅಲ್ಲಿ ನಾನು ಹುಡುಕಿದ್ದು ಕಲ್ಲಿನ ಸಂದುಗಳನ್ನು. ತಿರುಚಿದ ಒಂದು ಹಗ್ಗದ ಗುಂಟ ಬೆರಳಿನಷ್ಟು ದೂರದಿಂದ ಕಣ್ಣು ಹಾಯಿಸಿಕೊಂಡು ಹೋದೆ. ಎರಡು ಕಲ್ಲುಗಳು ಕೂಡುವ ಗೆರೆ ಹಗ್ಗವನ್ನು ಅಡ್ಡಕ್ಕೆ ಕತ್ತರಿಸಿದ್ದರೂ ಹುರಿಯ ಎಳೆಗಳು ಆ ಗೆರೆಯನ್ನು ಗಮನಿಸದವರಂತೆ ದಾಟಿ ಮುಂದೆ ಹೋಗಿದ್ದವು. ಅಂಥ ಕೆಲಸದಲ್ಲಿ ಒಬ್ಬ ಶಿಲ್ಪಿಯ ಉಳಿ ಅರ್ಧ ಅಂಗುಲ ಜಾರಿದರೂ ಹಗ್ಗ ಹರಿದಂತೆಯೇ.

ಚರ್ಚಿನ ಗರ್ಭಭಾಗದಲ್ಲಿ ರಾಜರಾಣಿಯರ ಸಮಾಧಿಗಳನ್ನು ಅಮೃತಶಿಲೆಯ ಆನೆಗಳು ಹೊತ್ತು ನಿಂತಿವೆ. ಅಕ್ಕನ ಮುಖ ಅರಳಿತು. ಬೇಲೂರಿನ ಅಡಿಪಟ್ಟಿಯ ಆನೆಗಳನ್ನು ಕಂಡು ಬೆಳೆದ ನಮಗೆ ಇವು ತುಸು ಬಿಗಿಯೆನಿಸಿದವು; ಭಾರ ಹೊತ್ತ ಕಷ್ಟ ಕಾಣುತ್ತದೆ, ನಡಿಗೆಯ ಲಯ ಕಾಣುವುದಿಲ್ಲ. ಸ್ವಲ್ಪ ದೂರದ ಬೆಲೇಂ ಗೋಪುರದಲ್ಲಿ ಒಂದು ಕಾವಲುಗೂಡಿನ ಬುಡಕ್ಕೆ ಖಡ್ಗಮೃಗದ ತಲೆ ಕೆತ್ತಿದ್ದಾರೆ. ಮಳೆಗಾಳಿಗೆ ಸವೆದು ಈಗ ಹಂದಿಯೋ ಆಮೆಯೋ ಎನ್ನುವಂತಿದ್ದು, ದುರ್ಬೀನಿಲ್ಲದಿದ್ದರೆ ನನಗೆ ಸಿಗುತ್ತಲೇ ಇರಲಿಲ್ಲ. 1515ರಲ್ಲಿ ಗುಜರಾತಿನ ಸುಲ್ತಾನ ಕೊಟ್ಟ ಪ್ರಾಣಿಯನ್ನು ಗೋವೆಯಿಂದ ಹಡಗಿನಲ್ಲಿ ಲಿಸ್ಬನ್‌ಗೆ ಕಳುಹಿಸಿದ್ದರು. ಅದಕ್ಕೆ ಅಲ್ಲಿ ಉಳಿದ ಹೆಸರು ‘ಗಂಡಾ’. ನಮ್ಮ ಘೇಂಡಾಮೃಗವೇ.

ಲಿಸ್ಬನ್‌ನಿಂದ ಪೋರ್ಟೊ ನಗರಕ್ಕೆ ರೈಲಿನಲ್ಲಿ ಸುಮಾರು ಮೂರು ಗಂಟೆಯ ಪ್ರಯಾಣ. ಕಡೆಗೆ ಇಳಿಯುವ ಸಾಂವ್ ಬೆಂತು ನಿಲ್ದಾಣದ ಮುಂಬದಿಯ ಹಜಾರದಲ್ಲಿ ಸುಮಾರು 20,000 ಬಿಲ್ಲೆಗಳಿವೆ. ಜಾರ್ಜ್ ಕೊಲಾಸು ಎಂಬ ಕಲಾವಿದ 20ನೇ ಶತಮಾನದ ಆರಂಭದಲ್ಲಿ ಬರೆದವು. ಕೆಳಗೆ ನೀಲಿಯಲ್ಲಿ ಉತ್ತರ ಆಫ್ರಿಕಾದ ಸ್ಯೂಟಾ ಪಟ್ಟಣವನ್ನು ಪೋರ್ಚುಗೀಸರು ಗೆದ್ದ 1415ರ ವಿಜಯ ಮುಂತಾದ ಇತಿಹಾಸದ ದೃಶ್ಯಗಳು, ಮೇಲೆ ಬಣ್ಣದಲ್ಲಿ ಸಾರಿಗೆಯ ಕಥೆ. ಎಲ್ಲರೂ ಕುದುರೆ, ಕತ್ತಿಗಳ ಫೋಟೋ ತೆಗೆಯುತ್ತಿದ್ದರೆ ನಾನು ಬಾಗಿಲುಗಳ ಮೇಲಿನ ಮೂಲೆಗಳನ್ನು ನೋಡುತ್ತಿದ್ದೆ. ಬೀದಿಯ ಮನೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿತ್ತು. ಇದು ಅಂಗಡಿಯಿಂದ ತಂದ ಮಾಲಲ್ಲ. ಈ ಗೋಡೆಗೆಂದೇ ಅಳತೆ ತೆಗೆದು ಬರೆದದ್ದು. ಆದ್ದರಿಂದ ಚಿತ್ರದ ಚೌಕಟ್ಟು ಗೋಡೆಯ ಅಂಚಿಗೆ ಸರಿಯಾಗಿ ಮುಗಿಯುತ್ತದೆ, ತುಂಡಾದ ಬಿಲ್ಲೆ ಇದ್ದರೂ ತುಂಡಾದ ಚಿತ್ರವಿಲ್ಲ. ಸಂದಿನ ಗೆರೆಗಳು ಮಾತ್ರ ಯಾರನ್ನೂ ಬಿಟ್ಟಿಲ್ಲ, ಯೋಧನ ಕೆನ್ನೆಯ ಮೇಲೂ ಹಾದುಹೋಗಿವೆ. ಐದು ನಿಮಿಷ ನೋಡಿದ ಮೇಲೆ ಅವು ಕಣ್ಣಿನಿಂದ ಮರೆಯಾಗುತ್ತವೆ.

ಅದೇ ಊರಿನ ಅಲ್ಮಾಸ್ ಪ್ರಾರ್ಥನಾಲಯದ ಹೊರಗೋಡೆಯ ಬಿಲ್ಲೆಗಳು ಇನ್ನೂ ಈಚಿನವು, 1929ರವು. 15,947 ಬಿಲ್ಲೆಗಳು, ಸುಮಾರು 360 ಚದರ ಮೀಟರ್ ಎಂದು ಓದಿದ್ದ ನಾನು ಬೀದಿಯಲ್ಲೇ ನಿಂತು ಭಾಗಿಸಿ ನೋಡಿದೆ. ಬಿಲ್ಲೆಯೊಂದರ ಅಳತೆ 15 ಸೆಂಟಿಮೀಟರ್ ಚೌಕವೆಂದು ಬಂತು. ನನ್ನ 14ರ ಹಾಳೆಯನ್ನು ಗೋಡೆಗೆ ಹಿಡಿದಾಗ ಸುತ್ತ ನೂಲಿನಷ್ಟು ನೀಲಿ ಹೊರಗಿಣುಕಿದ್ದು ಕಂಡು ಆದ ಸಂತೋಷ ಕಚೇರಿಯ ಗೆಳತಿಯರಿಗೆ ಹೇಳಿದರೆ ಮಾತ್ರ ಅರ್ಥವಾದೀತು.

ಕೊನೆಗೆ ಅಲ್ಲಿನ ಒಂದು ಸಣ್ಣ ಕಾರ್ಯಾಗಾರದಲ್ಲಿ ನಾನೇ ಒಂದು ಬಿಲ್ಲೆ ಬರೆದೆ. ಒಮ್ಮೆ ಸುಟ್ಟ ಮಣ್ಣಿನ ಬಿಲ್ಲೆಯ ಮೇಲೆ ಒಣಗಿದ ಮೆರುಗು ಸುಣ್ಣದ ಹುಡಿಯಂತೆ ಕೂತಿರುತ್ತದೆ. ಅಲ್ಫಾಮಾದ ಹಸಿರು ಬಾಗಿಲ ಮನೆಯಲ್ಲಿ ಬರೆದುಕೊಂಡಿದ್ದ ಹಾಳೆಯ ಗೆರೆಗಳ ಗುಂಟ ಸೂಜಿಯಲ್ಲಿ ತೂತು ಮಾಡಿ, ಬಿಲ್ಲೆಯ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟಿದಾಗ ಚುಕ್ಕಿಗಳು ಮೂಡಿದವು. “ರಂಗೋಲಿ ತೂತಿನ ತಗಡಿನ ಹಾಗೇ ಅಲ್ಲವೇನೇ?” ಎಂದಳು ಅಕ್ಕ. ಆಮೇಲಿನದು ಹಾಗಿರಲಿಲ್ಲ. ಮೆರುಗಿನ ಹುಡಿ ಕುಂಚದ ನೀರನ್ನು ಮುಟ್ಟಿದ ಕ್ಷಣವೇ ಹೀರಿಬಿಡುತ್ತದೆ. ಕೈ ತಡೆದರೆ ಬೊಟ್ಟು ನಿಲ್ಲುತ್ತದೆ, ಒರೆಸಿದರೆ ಮೆರುಗೇ ಕಿತ್ತುಬರುತ್ತದೆ. ಒಂದು ಎಸಳಿನ ತುದಿಯಲ್ಲಿ ನಾನು ಉಸಿರೆಳೆದುಕೊಳ್ಳಲು ನಿಂತೆ, ಕಡಲೆಕಾಳಿನಷ್ಟು ಬೊಟ್ಟು ಬಿತ್ತು. ಎರಡನೆಯ ಸಲ ಸುಟ್ಟು ಎರಡು ದಿನಗಳ ನಂತರ ಅವರು ಕೈಗಿತ್ತಾಗ ಮಂಕಾಗಿದ್ದ ನೀಲಿ ತಿಳಿಯಾಗಿ ಹೊಳೆಯುತ್ತಿತ್ತು, ಬೊಟ್ಟೂ ಹೊಳೆಯುತ್ತಿತ್ತು.

ಒಂದೇ ಬಿಲ್ಲೆ ತಂದಿದ್ದರಿಂದ ನನ್ನ ಹತ್ತಿರ ಇರುವುದು ಕಾಲು ಹೂ ಮಾತ್ರ. ಮನೆಗೆ ಬಂದ ವಾರವೇ ಅಕ್ಕ ಎರಡು ಸಣ್ಣ ಕನ್ನಡಿಗಳನ್ನು ಬಿಲ್ಲೆಯ ಎರಡು ಬದಿಗೆ ಮೂಲೆಮಟ್ಟವಾಗಿ ನಿಲ್ಲಿಸಿ ನೋಡು ಬಾ ಎಂದು ಕರೆದಳು. ಹೂ ಪೂರ್ತಿ ಅರಳಿತ್ತು, ಬೊಟ್ಟು ನಾಲ್ಕು ಕಡೆ ಇತ್ತು.