ಹಣದ ಸಾಲು, ಹುದ್ದೆಯ ಸಾಲು: ಅವೆರೆಲ್ ಹ್ಯಾರಿಮನ್ ಕುರಿತು ಜೀವನಲೇಖನ ಬರೆಯುವ ಕ್ರಮ

ಅಮೆರಿಕದ ಸಿರಿವಂತ ರಾಯಭಾರಿಗಳ ಬಗ್ಗೆ ಬರುವ ಲೇಖನಗಳು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕೆಡುತ್ತವೆ. ಕೆಲವು ‘ದುಡ್ಡಿತ್ತು, ಹುದ್ದೆ ಸಿಕ್ಕಿತು’ ಎಂದು ಮುಗಿಸಿಬಿಡುತ್ತವೆ. ಉಳಿದವು ಹುದ್ದೆಗಳ ಪಟ್ಟಿ ಕೊಟ್ಟು, ಹಣ ಎಲ್ಲಿಂದ ಬಂತು, ಎಲ್ಲಿ ಕೆಲಸಕ್ಕೆ ಬಂತು ಎಂಬುದನ್ನು ಹೇಳುವುದೇ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿಯುವುದನ್ನು ಕಲಿಯಲು ಅವೆರೆಲ್ ಹ್ಯಾರಿಮನ್ (1891–1986) ಒಳ್ಳೆಯ ಮಾದರಿ. ರೂಸ್‌ವೆಲ್ಟ್‌ರಿಂದ ಜಾನ್ಸನ್‌ವರೆಗೆ ನಾಲ್ವರು ಡೆಮಾಕ್ರಟಿಕ್ ಅಧ್ಯಕ್ಷರ ಕೈಕೆಳಗೆ ದುಡಿದವರು, ದಾಖಲೆಗಳೂ ಹೇರಳ.

ಮೊದಲು ಒಂದು ದೊಡ್ಡ ಹಾಳೆಯಲ್ಲಿ ಎರಡು ಸಾಲು ಮಾಡಿ: ಎಡಕ್ಕೆ ಹಣ, ಬಲಕ್ಕೆ ಹುದ್ದೆ, ಅಂಚಿನಲ್ಲಿ ಇಸವಿ. ಎಡಗಡೆ ಶುರುವಾಗುವುದು ತಂದೆ ಇ. ಎಚ್. ಹ್ಯಾರಿಮನ್ ಅವರಿಂದ. ಯೂನಿಯನ್ ಪೆಸಿಫಿಕ್ ರೈಲುಮಾರ್ಗವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಅವರು 1909ರಲ್ಲಿ ತೀರಿಕೊಂಡಾಗ ಆಸ್ತಿ ಹೋದದ್ದು ಹೆಂಡತಿ ಮೇರಿಗೆ, ಹದಿನೇಳರ ಮಗನಿಗಲ್ಲ. ‘ತಂದೆಯ ಆಸ್ತಿ ನೇರವಾಗಿ ಕೈಸೇರಿತು’ ಎಂದು ಬರೆದರೆ ಅಲ್ಲೇ ಎಡವಿದಂತೆ. ಮುಂದೆ 1913ರಲ್ಲಿ ಯೇಲ್ ಪದವಿ, 1915ರಲ್ಲಿ ಯೂನಿಯನ್ ಪೆಸಿಫಿಕ್ ಉಪಾಧ್ಯಕ್ಷ, ಮೊದಲ ಮಹಾಯುದ್ಧದಲ್ಲಿ ಹಡಗು ಕಟ್ಟುವ ವ್ಯವಹಾರ, ಆಮೇಲೆ ಸ್ವಂತ ಬ್ಯಾಂಕ್. 1925ರಲ್ಲಿ ಸೋವಿಯತ್ ಜಾರ್ಜಿಯದ ಚಿಯತೂರದಲ್ಲಿ ಮ್ಯಾಂಗನೀಸ್ ಗಣಿ ಗುತ್ತಿಗೆ. ಅದು 1928ರಲ್ಲಿ ಕೈಬಿಟ್ಟಿತು. 1931ರಲ್ಲಿ ಬ್ರೌನ್ ಬ್ರದರ್ಸ್ ಹ್ಯಾರಿಮನ್ ಬ್ಯಾಂಕ್. 1932ರಿಂದ 1946ರವರೆಗೆ ಯೂನಿಯನ್ ಪೆಸಿಫಿಕ್ ಆಡಳಿತ ಮಂಡಳಿಯ ಅಧ್ಯಕ್ಷತೆ.

ಬಲಗಡೆ: 1941ರ ಮಾರ್ಚ್‌ನಲ್ಲಿ ಲೆಂಡ್-ಲೀಸ್ (ಮಿತ್ರದೇಶಗಳಿಗೆ ಅಮೆರಿಕದ ಯುದ್ಧಸಾಮಗ್ರಿ ನೆರವು) ಪ್ರತಿನಿಧಿಯಾಗಿ ಲಂಡನ್, 1943ರ ಅಕ್ಟೋಬರ್‌ನಿಂದ 1946ರ ಜನವರಿವರೆಗೆ ಮಾಸ್ಕೋ ರಾಯಭಾರಿ, 1946ರಲ್ಲಿ ಕೆಲವೇ ತಿಂಗಳು ಲಂಡನ್ ರಾಯಭಾರಿ, ನಂತರ ವಾಣಿಜ್ಯ ಸಚಿವ, 1948ರಿಂದ ಪ್ಯಾರಿಸ್‌ನಲ್ಲಿ ಮಾರ್ಷಲ್ ಯೋಜನೆ (ಯುದ್ಧಾನಂತರ ಯುರೋಪಿಗೆ ಅಮೆರಿಕದ ಆರ್ಥಿಕ ನೆರವು), 1955–58 ನ್ಯೂಯಾರ್ಕ್ ಗವರ್ನರ್, 1961ರಿಂದ ಮತ್ತೆ ವಿದೇಶಾಂಗ ಇಲಾಖೆ, 1968ರಲ್ಲಿ ಪ್ಯಾರಿಸ್‌ನ ವಿಯೆಟ್ನಾಂ ಮಾತುಕತೆ.

ಈಗ ಎರಡೂ ಸಾಲನ್ನು ಅಡ್ಡಡ್ಡಲಾಗಿ ಓದಿ. ಲೇಖನದ ಜೀವಾಳ ಇರುವುದು ಅಲ್ಲಿಯೇ. ಚಿಯತೂರದ ಗಣಿಯಲ್ಲಿ ಲಾಭ ಅಷ್ಟಕ್ಕಷ್ಟೆ, ಆದರೆ ರಾಯಭಾರಿಯಾಗಿ ಮಾಸ್ಕೋಗೆ ಹೋಗುವ ಹೊತ್ತಿಗೆ ಸೋವಿಯತ್ ಅಧಿಕಾರಿಗಳೊಂದಿಗೆ ಚೌಕಾಸಿ ಮಾಡಿ ಗೊತ್ತಿದ್ದ ಅಮೆರಿಕನ್ ಅವರಾಗಿದ್ದರು. ಇನ್ನೊಂದು ಅಡ್ಡಗೆರೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಮಾಸ್ಕೋದಲ್ಲಿ ದೇಶದ ಪ್ರತಿನಿಧಿಯಾಗಿದ್ದಷ್ಟು ಕಾಲವೂ ರೈಲು ಕಂಪನಿಯ ಅಧ್ಯಕ್ಷತೆ ಅವರ ಹೆಸರಿನಲ್ಲೇ ಇತ್ತು. ಆರೋಪದ ದನಿ ಬೇಡ. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಓದುಗರಿಗೆ ತಿಳಿಯುತ್ತದೆ.

ಮುಂದಿನ ಕೆಲಸ, ಪ್ರತಿ ಹುದ್ದೆಯ ಎದುರು ಅದು ಯಾವ ಬಗೆಯ ನೇಮಕ ಎಂದು ಗುರುತು ಹಾಕುವುದು. ರಾಯಭಾರಿಯನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಅಧ್ಯಕ್ಷರ ವಿಶೇಷ ಪ್ರತಿನಿಧಿಗೆ ಆಗ ಆ ಒಪ್ಪಿಗೆಯ ಹಂಗಿರಲಿಲ್ಲ. 1941ರಲ್ಲಿ ಲಂಡನ್‌ನಲ್ಲಿ ರಾಯಭಾರಿ ಆಗಿದ್ದವರು ಜಾನ್ ಗಿಲ್ಬರ್ಟ್ ವೈನಂಟ್. ಹ್ಯಾರಿಮನ್ ಅಧ್ಯಕ್ಷರ ಆಪ್ತ ಹ್ಯಾರಿ ಹಾಪ್ಕಿನ್ಸ್‌ಗೆ ನೇರವಾಗಿ ಬರೆಯುತ್ತಿದ್ದರು. ಆ ಕಾಲದ ಹ್ಯಾರಿಮನ್‌ರನ್ನು ‘ಬ್ರಿಟನ್‌ನ ಅಮೆರಿಕನ್ ರಾಯಭಾರಿ’ ಎಂದು ಬರೆದರೆ ವೈನಂಟ್ ಅಳಿಸಿಹೋಗುತ್ತಾರೆ, ಜೊತೆಗೆ ಹ್ಯಾರಿಮನ್ ಪ್ರಭಾವದ ನಿಜವಾದ ಮೂಲವೂ ಮರೆಯಾಗುತ್ತದೆ. ಆ ಪ್ರಭಾವ ನಿಂತಿದ್ದುದು ಅಧ್ಯಕ್ಷರ ಕೋಣೆಯವರೆಗಿದ್ದ ನೇರ ದಾರಿಯ ಮೇಲೆ.

ತಾರೀಖುಗಳಿಗೆ ವಿದೇಶಾಂಗ ಇಲಾಖೆಯ ಇತಿಹಾಸ ಕಚೇರಿಯ ಜಾಲತಾಣ ನೋಡಿ. ಪ್ರತಿ ರಾಯಭಾರಿಗೂ ಅಲ್ಲಿ ಮೂರು ತಾರೀಖು ಸಿಗುತ್ತವೆ: ನೇಮಕ, ಅಧಿಕಾರಪತ್ರ ಸಲ್ಲಿಕೆ, ಸೇವೆಯ ಕೊನೆ. ಮಾಸ್ಕೋಗೆ ಹ್ಯಾರಿಮನ್ ನೇಮಕವಾದದ್ದು 1943ರ ಅಕ್ಟೋಬರ್ 7, ಅಧಿಕಾರಪತ್ರ ಸಲ್ಲಿಸಿದ್ದು ಅಕ್ಟೋಬರ್ 23. ಬೇರೆ ಬೇರೆ ಲೇಖನಗಳಲ್ಲಿ ತಾರೀಖು ತಾಳೆಯಾಗದಿದ್ದರೆ ಹೆಚ್ಚಿನ ಪಾಲು ಕಾರಣ ಇದೇ. ಒಂದನ್ನು ಆರಿಸಿ, ಯಾವುದೆಂದು ಹೇಳಿ, ಕೊನೆಯವರೆಗೂ ಅದನ್ನೇ ಬಳಸಿ.

ತಂತಿ ಸಂದೇಶಗಳನ್ನು ಓದುವಾಗ ಅವಸರ ಬೇಡ. ಅಮೆರಿಕದ ವಿದೇಶಾಂಗ ದಾಖಲೆಗಳ ‘ಫಾರಿನ್ ರಿಲೇಷನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ಸಂಪುಟಗಳು ಅದೇ ಜಾಲತಾಣದಲ್ಲಿ ಉಚಿತ. ಪ್ರತಿ ತಂತಿಯ ತಲೆಯಲ್ಲಿ ಕಡತ ಸಂಖ್ಯೆ ಇರುತ್ತದೆ, ಉದಾಹರಣೆಗೆ 861.00/2-2246. ಮೊದಲಂಕಿ 8 ಎಂದರೆ ಒಂದು ದೇಶದ ಒಳಾಡಳಿತದ ವಿಷಯ, 61 ಸೋವಿಯತ್ ಒಕ್ಕೂಟ, ಓರೆಗೆರೆಯ (/) ಆಚೆಗಿನದು ತಿಂಗಳು, ದಿನ, ವರ್ಷ: 1946ರ ಫೆಬ್ರವರಿ 22. 1944ರ ನಡುಭಾಗಕ್ಕಿಂತ ಹಿಂದಿನ ಕಡತಗಳಲ್ಲಿ ಗೆರೆಯಾಚೆಗೆ ಕ್ರಮಸಂಖ್ಯೆ ಇರುತ್ತದೆ. ಅದನ್ನು ತಾರೀಖೆಂದು ಓದಬೇಡಿ. ಇದೇ ತಂತಿ ಮಾಸ್ಕೋ ಬಿಟ್ಟದ್ದು ರಾತ್ರಿ 9ಕ್ಕೆ, ವಾಷಿಂಗ್ಟನ್ ತಲುಪಿದ್ದು ಅದೇ ದಿನ ಮಧ್ಯಾಹ್ನ 3.52ಕ್ಕೆ. ಮುದ್ರಣದೋಷವಲ್ಲ, ಎರಡೂ ಊರುಗಳ ನಡುವೆ ಎಂಟು ಗಂಟೆಯ ವ್ಯತ್ಯಾಸವಿದೆ. ಇದನ್ನು ಬರೆದವರು ಅಲ್ಲಿನ ರಾಯಭಾರ ಕಚೇರಿಯ ಅಧಿಕಾರಿ ಜಾರ್ಜ್ ಕೆನನ್, ಹ್ಯಾರಿಮನ್ ಮಾಸ್ಕೋ ಬಿಟ್ಟ ಮೇಲೆ. ಹ್ಯಾರಿಮನ್ ಖಾತೆಗೆ ಜಮೆ ಮಾಡಬೇಡಿ. ಹಾಗೆಯೇ, ರಾಯಭಾರಿಯ ಹೆಸರಿನಲ್ಲಿ ಹೋದ ಪ್ರತಿ ತಂತಿಯೂ ಅವರೇ ಕೂತು ಬರೆದದ್ದಲ್ಲ; ಕರಡು ತಯಾರಿಸಿದವರ ಹೆಸರು ಅಡಿಟಿಪ್ಪಣಿಯಲ್ಲಿ ಇದೆಯೇ ನೋಡಿ. ಹ್ಯಾರಿಮನ್ ಅವರ ಸ್ವಂತ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಮೌಖಿಕ ಸಂದರ್ಶನಗಳು ಟ್ರೂಮನ್ ಮತ್ತು ಕೆನಡಿ ಗ್ರಂಥಾಲಯಗಳಲ್ಲಿವೆ. ಸಂದರ್ಶನ ವರ್ಷಗಳಾದ ಮೇಲಿನ ನೆನಪು. ಮನಸ್ಸಿನ ಧೋರಣೆಗೆ ಅದು ಸಾಕ್ಷಿ, ತಾರೀಖಿಗೆ ಅಲ್ಲ.

ನಮ್ಮ ಓದುಗರಿಗೆ ಅತಿ ಹತ್ತಿರದ ಅಧ್ಯಾಯ 1962ರ ನವೆಂಬರ್. ಚೀನಾ ಕದನವಿರಾಮ ಘೋಷಿಸಿದ್ದು 21ರಂದು. ಹ್ಯಾರಿಮನ್ ತಂಡ ದೆಹಲಿಗೆ ಬಂದಿಳಿದದ್ದು ಅದರ ಬೆನ್ನಿಗೇ. ಬ್ರಿಟನ್ನಿನಿಂದ ಸಚಿವ ಡಂಕನ್ ಸ್ಯಾಂಡಿಸ್ ಬಂದರು, ಆಗ ಅಮೆರಿಕದ ರಾಯಭಾರಿ ಜಾನ್ ಕೆನೆತ್ ಗಾಲ್ಬ್ರೆಯ್ತ್. ಭಾರತಕ್ಕೆ ಶಸ್ತ್ರಾಸ್ತ್ರ ನೆರವಿನ ಜೊತೆಜೊತೆಗೆ ಕಾಶ್ಮೀರ ಮಾತುಕತೆಯ ಒತ್ತಾಯವೂ ಬಂತು. ತಿಂಗಳ ಕೊನೆಗೆ ನೆಹರೂ–ಅಯೂಬ್ ಖಾನ್ ಜಂಟಿ ಹೇಳಿಕೆ, ಆಮೇಲೆ ಎರಡೂ ದೇಶಗಳ ಸಚಿವರಾದ ಸ್ವರಣ್ ಸಿಂಗ್–ಭುಟ್ಟೋ ನಡುವೆ ಆರು ಸುತ್ತಿನ ಮಾತು, 1963ರ ಮೇ ಹೊತ್ತಿಗೆ ಬರಿಗೈ. ದಾಖಲೆಗಳು ‘ಫಾರಿನ್ ರಿಲೇಷನ್ಸ್’ನ 1961–63ರ ಸರಣಿಯ 19ನೇ ಸಂಪುಟದಲ್ಲಿವೆ. ಇವುಗಳನ್ನು ಆ ದಿನಗಳ ‘ಪ್ರಜಾವಾಣಿ’ಯ ಹಳೆಯ ಸಂಚಿಕೆಗಳ ಪಕ್ಕದಲ್ಲಿಟ್ಟು ಓದಿ. ತಂತಿಗಳು ಅಮೆರಿಕದ ಕಣ್ಣಿನವು. ಅವುಗಳಿಂದಷ್ಟೇ ಬರೆದರೆ ನೆಹರೂ ಬರೀ ಒತ್ತಡಕ್ಕೆ ಒಳಗಾದವರಂತೆ ಕಾಣುತ್ತಾರೆ.

ಹಣದ ಅಂಕಿಗಳಲ್ಲಿ ಎರಡು ಎಚ್ಚರ. ಒಂದು ಬಿಲಿಯನ್ ಎಂದರೆ 100 ಕೋಟಿ, ಹಾಗಾಗಿ ಮಾರ್ಷಲ್ ಯೋಜನೆಯ ಸುಮಾರು 13 ಬಿಲಿಯನ್ ಡಾಲರ್ ಎಂದರೆ 1,300 ಕೋಟಿ ಡಾಲರ್. ಒಂದು ಸೊನ್ನೆ ತಪ್ಪುವುದು ಇಲ್ಲೇ. ರೂಪಾಯಿಗೆ ಬದಲಿಸುವಾಗ ಇಂದಿನ ದರ ಹಾಕಬೇಡಿ. 1949ರ ಅಪಮೌಲ್ಯದ ನಂತರ ಡಾಲರ್‌ಗೆ 4.76 ರೂಪಾಯಿ, 1966ರ ಜೂನ್ ನಂತರ 7.50.

ಹಣದ ಬಗ್ಗೆ ಹರಿದಾಡುವ ಆರೋಪಗಳನ್ನು ಕಾಗದ ಹಿಡಿದೇ ಬರೆಯಿರಿ. 1942ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ಯೂನಿಯನ್ ಬ್ಯಾಂಕಿಂಗ್ ಕಾರ್ಪೊರೇಷನ್‌ನ ಷೇರುಗಳನ್ನು ಶತ್ರು ದೇಶದವರ ಆಸ್ತಿ ಎಂದು ವಶಪಡಿಸಿಕೊಂಡದ್ದು ನಿಜ. ಅದರ ಹಿಂದಿದ್ದುದು ಜರ್ಮನಿಯ ಥಿಸ್ಸೆನ್ ಕುಟುಂಬದ ಹಿಡಿತದ ಡಚ್ ಬ್ಯಾಂಕ್. ಆದರೆ ಆದೇಶದಲ್ಲಿ 4,000 ಷೇರುಗಳ ಪೈಕಿ 3,991 ಇರುವುದು ತಮ್ಮ ರೋಲಂಡ್ ಹ್ಯಾರಿಮನ್ ಹೆಸರಿನಲ್ಲಿ. ಅವೆರೆಲ್ ಹೆಸರಿಗೆ ಅದನ್ನು ಅಂಟಿಸುವ ಬರಹಗಳು ಆದೇಶವನ್ನು ಓದಿಲ್ಲ.

ಇದೇ ಕ್ರಮವನ್ನು ಇಂದಿನ ಸಿರಿವಂತ ರಾಯಭಾರಿಗೆ ಅನ್ವಯಿಸುವಾಗ ಎಡಗಡೆಯ ಸಾಲು ತುಂಬುವುದು ಸುಲಭ. 1980ರ ವಿದೇಶಾಂಗ ಸೇವಾ ಕಾಯ್ದೆಯ ಪ್ರಕಾರ ರಾಯಭಾರಿ ಹುದ್ದೆಗೆ ಹೆಸರಿಸಲ್ಪಟ್ಟವರು ಆ ವರ್ಷ ಮತ್ತು ಹಿಂದಿನ ನಾಲ್ಕು ವರ್ಷ ತಾವೂ ಹತ್ತಿರದ ಕುಟುಂಬದವರೂ ಕೊಟ್ಟ ರಾಜಕೀಯ ದೇಣಿಗೆಯ ವಿವರವನ್ನು ಸೆನೆಟ್ ಸಮಿತಿಗೆ ಸಲ್ಲಿಸಬೇಕು. ಆಸ್ತಿಯ ವಿವರ 278ಇ ನಮೂನೆಯಲ್ಲಿ ಇರುತ್ತದೆ, ಆದರೆ ಅಲ್ಲಿ ನಿಖರ ಮೊತ್ತವಿಲ್ಲ. 1,001ರಿಂದ 15,000 ಡಾಲರ್, ಹೀಗೆ ಅಂತರಗಳಲ್ಲಿ ಬರೆದಿರುತ್ತಾರೆ. ಸಂಗಾತಿಯೊಬ್ಬರದೇ ಆಸ್ತಿಯಾದರೆ 10 ಲಕ್ಷ ಡಾಲರ್ ದಾಟಿದ ಮೇಲೆ ಮೇಲ್ಮಿತಿಯೇ ಇರುವುದಿಲ್ಲ. ಕೆಳಮಿತಿಗಳನ್ನು ಕೂಡಿಸಿ ‘ಕನಿಷ್ಠ ಇಷ್ಟು’ ಎಂದಷ್ಟೇ ಬರೆಯಿರಿ.