ಕೋಳಿಕಾಲಿನ ಎರಡು ಸ್ನಾಯು: ನಾರಿನ ಉದ್ದ ಅಳೆಯುವ ಬಗೆ

ಸ್ನಾಯುವಿನ ಬಲ, ವೇಗ ಲೆಕ್ಕ ಹಾಕಲು ಅದರ ನಾರಿನ, ಅಂದರೆ ಎಳೆಯ, ಉದ್ದ ಬೇಕು. ಆ ಅಳತೆಗೆ ನಾನು ಆರಿಸಿಕೊಂಡದ್ದು ಕೋಳಿಕಾಲಿನ ಎರಡು ಸ್ನಾಯುಗಳನ್ನು. ತೊಡೆಯ ಮುಂಭಾಗದಲ್ಲಿ ಪಟ್ಟಿಯಂತೆ ಇಳಿಯುವ ಇಲಿಯೋಟಿಬಿಯಾಲಿಸ್ ಕ್ರೇನಿಯಾಲಿಸ್ ಒಂದು. ಹಳೆಯ ಪುಸ್ತಕಗಳಲ್ಲಿ ಇದೇ ಸಾರ್ಟೋರಿಯಸ್. ಇನ್ನೊಂದು ಮೀನಖಂಡದ ಗ್ಯಾಸ್ಟ್ರಾಕ್ನೀಮಿಯಸ್. ಮೊದಲನೆಯದರಲ್ಲಿ ಎಳೆಗಳು ಸ್ನಾಯುವಿನ ಉದ್ದಕ್ಕೇ ಸಾಗುತ್ತವೆ. ಎರಡನೆಯದರಲ್ಲಿ ಗಿಡ್ಡ ಎಳೆಗಳು ಹಕ್ಕಿಗರಿಯ ಹಾಗೆ ಓರೆಯಾಗಿ, ಹಾಳೆಯಂತೆ ಹರಡಿದ ಸ್ನಾಯುರಜ್ಜುವಿಗೆ ಅಂಟಿರುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಮಾಂಸವೇ. ವ್ಯತ್ಯಾಸ ಕಾಣಬೇಕಾದರೆ ಎಳೆ ಬಿಡಿಸಲೇಬೇಕು.

ಮಾಂಸಕ್ಕೆಂದು ಕೊಯ್ದ ಹಕ್ಕಿಯ ಕಾಲು ಸಾಕು, ಆದರೆ ಸೊಂಟದ ಮೂಳೆಯಿಂದ ಪಾದದವರೆಗೆ ಇಡಿಯಾಗಿರಬೇಕು. ಚರ್ಮ ಸುಲಿದು, ಮಂಡಿ ಮತ್ತು ಕಣಕಾಲಿನ ಕೀಲು ಎರಡನ್ನೂ 90 ಡಿಗ್ರಿಗೆ ಮಡಿಸಿ ಹಲಗೆಗೆ ಕಟ್ಟುತ್ತೇನೆ. ಸತ್ತ ಮೇಲೆ ಕೋಶದ ಇಂಧನವಾದ ಎಟಿಪಿ ಮುಗಿದು, ಸ್ನಾಯುವನ್ನು ಕುಗ್ಗಿಸುವ ಪ್ರೋಟೀನಾದ ಮಯೋಸಿನ್‌ನ ತಲೆಗಳು ಅದರ ಜೊತೆಗಾರ ಪ್ರೋಟೀನ್ ಆಕ್ಟಿನ್ ಮೇಲೆ ಸಿಕ್ಕಿಕೊಳ್ಳುತ್ತವೆ. ಸ್ನಾಯು ಸೆಟೆಯುವುದು ಅದರಿಂದಲೇ. ಆ ಸೆಟೆತ ಪೂರ್ತಿಯಾಗುವ ಮೊದಲೇ ಸ್ನಾಯುವನ್ನು ಮೂಳೆಯಿಂದ ಬಿಡಿಸಿದರೆ ಅದು ತನ್ನಷ್ಟಕ್ಕೆ ಕುಗ್ಗಿಬಿಡುತ್ತದೆ. ಮುಂದಿನ ಅಳತೆಗಳೆಲ್ಲ ಆಗ ವ್ಯರ್ಥ. ಆದ್ದರಿಂದ ಕಟ್ಟಿದ ಸ್ಥಿತಿಯಲ್ಲೇ ಸೆಟೆಯಲು ಬಿಟ್ಟು, ಹಲಗೆ ಸಮೇತ ಶೇ. 10ರ ಫಾರ್ಮಲಿನ್‌ನಲ್ಲಿ ಮೂರು ದಿನ ಮುಳುಗಿಸಿಡುವುದು. ಆಮೇಲೆ ಒಂದು ಇಡೀ ದಿನ ಹರಿಯುವ ನೀರಿನಲ್ಲಿ ತೊಳೆಯಬೇಕು. ಇದರಲ್ಲಿ ಆತುರ ಬೇಡ: ಮುಂದೆ ಬಳಸುವ ನೈಟ್ರಿಕ್ ಆಮ್ಲಕ್ಕೂ ಉಳಿದ ಫಾರ್ಮಲಿನ್‌ಗೂ ಆಗಿಬರುವುದಿಲ್ಲ, ಬಿಸಿಯೇರಿ ವಿಷಗಾಳಿ ಏಳುತ್ತದೆ. ಫಾರ್ಮಲಿನ್, ಆಮ್ಲ ಎರಡರ ಕೆಲಸವೂ ವಿಷಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ನಡೆಯಬೇಕು.

ಈಗ ಸ್ನಾಯುವನ್ನು ಬಿಡಿಸಿ, ಕೊಬ್ಬು, ಹೊರಪೊರೆ, ಹೊರಗೆ ಚಾಚಿದ ರಜ್ಜು ಎಲ್ಲವನ್ನೂ ಕತ್ತರಿಸಿ ತೆಗೆದು, ಬ್ಲಾಟಿಂಗ್ ಪೇಪರಿನಲ್ಲಿ ಒತ್ತಿ, 0.01 ಗ್ರಾಮ್ ತೋರಿಸುವ ತಕ್ಕಡಿಯಲ್ಲಿ ತೂಗುತ್ತೇನೆ. ಗ್ಯಾಸ್ಟ್ರಾಕ್ನೀಮಿಯಸ್‌ಗೆ ಮೂರು ತಲೆಗಳಿವೆ; ಮೂರನ್ನೂ ಬೇರೆಬೇರೆಯಾಗಿಯೇ ತೂಗಿ, ಬೇರೆಬೇರೆಯಾಗಿಯೇ ಅಳೆಯಬೇಕು. ಟರ್ಕಿಯಂಥ ಹಕ್ಕಿ ಬಳಸುವವರಿಗೆ ಒಂದು ಮಾತು: ವಯಸ್ಸಾದ ಹಕ್ಕಿಯ ಕಾಲಿನ ರಜ್ಜು ಸುಣ್ಣಗಟ್ಟಿ ಮೂಳೆಯಷ್ಟು ಗಡುಸಾಗಿರುತ್ತದೆ, ಸ್ಕಾಲ್ಪೆಲ್ ಜಾರಿ ಬೆರಳಿಗೆ ಬರುತ್ತದೆ.

ಎಳೆ ಎಷ್ಟು ಓರೆಯಾಗಿದೆ ಎಂಬ ಕೋನ ಅಳೆಯಲು ಸ್ನಾಯುವನ್ನು ಎಳೆ ಹೋಗುವ ದಿಕ್ಕಿನಲ್ಲೇ ಸೀಳಬೇಕು. ಅಡ್ಡ ಕೊಯ್ದರೆ ತುಂಡಾದ ಎಳೆಗಳೇ ಪೂರ್ತಿ ಎಳೆಗಳೆಂದು ಕಣ್ಣಿಗೆ ಮೋಸವಾಗುತ್ತದೆ. ಮೇಲ್ಮೈಯಲ್ಲಿ ಕಾಣುವ ಕೋನವನ್ನೂ ನೆಚ್ಚಬೇಡಿ. ಒಳಗೆ ಅದು ಬೇರೆಯೇ ಇರಬಹುದು. ಸೀಳಿದ ಮುಖದ ಫೋಟೋ ತೆಗೆದು ಐದು ಕಡೆ ಕೋನಮಾಪಕ ಇಟ್ಟು ಸರಾಸರಿ ಹಿಡಿಯುತ್ತೇನೆ.

ಎಳೆಗಳನ್ನು ಹಿಡಿದಿಟ್ಟಿರುವ ಕೊಲಾಜೆನ್ ಸಡಿಲಾಗಲು ಶೇ. 20ರ ನೈಟ್ರಿಕ್ ಆಮ್ಲದಲ್ಲಿ ಸುಮಾರು ಒಂದು ದಿನ ಬೇಕು. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಗಾಜಿನ ಕಡ್ಡಿಯಿಂದ ಆಗಾಗ ಮುಟ್ಟಿ ನೋಡಿ. ಬೇಗ ತೆಗೆದರೆ ಎಳೆ ಹರಿಯುತ್ತದೆ, ತಡವಾದರೆ ಪುಡಿಯಾಗುತ್ತದೆ. ಹದಕ್ಕೆ ಬಂದದ್ದನ್ನು ನೀರಿನಲ್ಲಿ ಹಲವು ಸಲ ತೊಳೆದು, ಆಮ್ಲದ ಅಂಶ ಪೂರ್ತಿ ಹೋದ ಮೇಲಷ್ಟೇ ಅರ್ಧ ನೀರು ಬೆರೆಸಿದ ಗ್ಲಿಸರಿನ್‌ಗೆ ಹಾಕುವುದು. ನೈಟ್ರಿಕ್ ಆಮ್ಲ ಮತ್ತು ಗ್ಲಿಸರಿನ್ ಸೇರಿದರೆ ಸ್ಫೋಟಕ ಹುಟ್ಟಬಹುದು, ತೊಳೆಯುವುದನ್ನು ತಪ್ಪಿಸುವಂತಿಲ್ಲ.

ಸ್ಟೀರಿಯೋ ಸೂಕ್ಷ್ಮದರ್ಶಕದ ಕೆಳಗೆ, ಪೆಟ್ರಿ ಡಿಶ್‌ನಲ್ಲಿ, ಎರಡು ಗಾಜಿನ ಸೂಜಿಯಿಂದ ಎಳೆಗಳ ಕಂತೆ ಬಿಡಿಸುವಾಗ ವಿಷಯ ಕಣ್ಣಿಗೇ ಕಾಣುತ್ತದೆ. ಮೀನಖಂಡದ ಕಂತೆ ಒಂದು ರಜ್ಜುಹಾಳೆಯಲ್ಲಿ ಹುಟ್ಟಿ ಎದುರಿನ ಹಾಳೆಯಲ್ಲಿ ಮುಗಿಯುತ್ತದೆ, ಅಷ್ಟೇ ಅದರ ಉದ್ದ. ತೊಡೆಯ ಪಟ್ಟಿಯ ಕಂತೆಯೋ, ಎಳೆದಷ್ಟೂ ಬರುತ್ತಲೇ ಇರುತ್ತದೆ. ಹಕ್ಕಿಗಳ ಉದ್ದ ಸ್ನಾಯುಗಳಲ್ಲಿ ಒಂದೊಂದು ಕೋಶವೂ ಈ ತುದಿಯಿಂದ ಆ ತುದಿಗೆ ಹೋಗಿರಬೇಕೆಂದಿಲ್ಲ, ಗಿಡ್ಡ ಕೋಶಗಳು ಒಂದರ ಬೆನ್ನಿಗೆ ಒಂದು ಜೋಡಿಕೊಂಡಿರಬಹುದು. ಹಾಗಾಗಿ ನಾನು ಅಳೆಯುವುದು ಕಂತೆಯನ್ನು: ಮೇಲೆ, ನಡುವೆ, ಕೆಳಗೆ ಸೇರಿ ಹತ್ತು ಕಂತೆ.

ಇಷ್ಟಕ್ಕೆ ನಿಲ್ಲಿಸುವವರೇ ಹೆಚ್ಚು. ಆದರೆ ಕೀಲು ಮಡಿಸಿದ ಕೋನಕ್ಕೆ ತಕ್ಕಂತೆ ಎಳೆ ಹಿಗ್ಗಿಯೋ ಕುಗ್ಗಿಯೋ ಇರುತ್ತದಲ್ಲ? ಅದಕ್ಕೆ ಸಾರ್ಕೊಮಿಯರ್ ಉದ್ದ, ಅಂದರೆ ಎಳೆಯೊಳಗೆ ಒಂದರ ಹಿಂದೊಂದು ಸಾಲಾಗಿರುವ, ಕುಗ್ಗುವ ಸಣ್ಣ ಘಟಕದ ಉದ್ದ ಬೇಕು. ತೆಳುವಾದ ಕಂತೆಯನ್ನು ಸ್ಲೈಡಿನ ಮೇಲಿಟ್ಟು 650 ನ್ಯಾನೋಮೀಟರಿನ ಕೆಂಪು ಲೇಸರ್ ಹಾಯಿಸಿದರೆ, ಸಾರ್ಕೊಮಿಯರ್ ಸಾಲುಗಳು ಬೆಳಕನ್ನು ಚದುರಿಸಿ ನಡುಚುಕ್ಕೆಯ ಎರಡೂ ಬದಿಗೆ ಚುಕ್ಕೆ ಮೂಡಿಸುತ್ತವೆ. ಪರದೆ 100 ಮಿ.ಮೀ. ದೂರದಲ್ಲಿದ್ದು ಮೊದಲ ಚುಕ್ಕೆ ನಡುವಿನಿಂದ 26.9 ಮಿ.ಮೀ. ಆಚೆ ಬಿದ್ದರೆ ಸಾರ್ಕೊಮಿಯರ್ 2.5 ಮೈಕ್ರೋಮೀಟರ್, 30.9 ಆದರೆ 2.2. ಚುಕ್ಕೆಯ ಬದಲು ಮಸುಕು ಪಟ್ಟೆ ಕಂಡರೆ ಕಂತೆ ದಪ್ಪವಾಯಿತೆಂದು ತಿಳಿಯಿರಿ. ಒಂದೇ ಹಕ್ಕಿಯ ಸ್ನಾಯುಗಳನ್ನು ಹೋಲಿಸಲು ಎಲ್ಲಕ್ಕೂ ಒಂದೇ ಉದ್ದವನ್ನು, ಉದಾಹರಣೆಗೆ 2.2 ಅನ್ನು, ಆಧಾರವಾಗಿಟ್ಟರೆ ಸಾಕು. 2.5ರಲ್ಲಿ 20 ಮಿ.ಮೀ. ಇದ್ದ ಎಳೆ ಆಗ 17.6 ಮಿ.ಮೀ. ಎಂದಾಗುತ್ತದೆ.

ಲೆಕ್ಕ ಸರಳ. ತೂಕವನ್ನು ಕೋನದ ಕೊಸೈನ್‌ನಿಂದ ಗುಣಿಸಿ, ಸ್ನಾಯುವಿನ ಸಾಂದ್ರತೆ (ಘನ ಸೆಂ.ಮೀ.ಗೆ 1.06 ಗ್ರಾಮ್) ಮತ್ತು ಎಳೆಯ ಉದ್ದದ ಗುಣಲಬ್ಧದಿಂದ ಭಾಗಿಸಿದರೆ ಬಲಕ್ಕೆ ಸಂಬಂಧಿಸಿದ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ. ಎರಡು ಸ್ನಾಯುವೂ 12 ಗ್ರಾಮ್ ಎಂದಿಟ್ಟುಕೊಳ್ಳಿ. ಎಳೆ 2 ಸೆಂ.ಮೀ., ಕೋನ 20 ಡಿಗ್ರಿ ಇದ್ದರೆ 5.3 ಚದರ ಸೆಂ.ಮೀ.; ಎಳೆ 8 ಸೆಂ.ಮೀ., ಕೋನ ಸೊನ್ನೆ ಇದ್ದರೆ 1.4. ಚದರ ಸೆಂ.ಮೀ.ಗೆ 22.5 ನ್ಯೂಟನ್ ಹಿಡಿದರೆ ಮೊದಲನೆಯದು ಸುಮಾರು 120, ಎರಡನೆಯದು 32 ನ್ಯೂಟನ್. ಓರೆಯಿಂದ ಕಳೆದುಹೋಗುವ ಬಲ ಶೇ. 6 ಮಾತ್ರ. ಉದ್ದ ಎಳೆಯಲ್ಲಿ ಸಾರ್ಕೊಮಿಯರ್‌ಗಳು ನಾಲ್ಕು ಪಟ್ಟು ಹೆಚ್ಚು ಸಾಲುಗಟ್ಟಿರುವುದರಿಂದ, ಮಯೋಸಿನ್ ಬಗೆ ಒಂದೇ ಆಗಿದ್ದರೆ, ಕುಗ್ಗುವ ದೂರ ಮತ್ತು ವೇಗ ನಾಲ್ಕು ಪಟ್ಟು. ಎಳೆಯ ಉದ್ದದ ಜಾಗದಲ್ಲಿ ಸ್ನಾಯುವಿನ ಉದ್ದ ಹಾಕಿ ಗ್ಯಾಸ್ಟ್ರಾಕ್ನೀಮಿಯಸ್‌ನ ಬಲವನ್ನು ಹಲವು ಪಟ್ಟು ಕಡಿಮೆ ಮಾಡಿಬಿಡುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು.

ಓರೆಗೆ ಇನ್ನೊಂದು ಗುಣವಿದೆ. ಸ್ನಾಯುವಿನ ಗಾತ್ರ ಬದಲಾಗದ ಕಾರಣ ಎಳೆ ಗಿಡ್ಡವಾದಂತೆ ದಪ್ಪವಾಗಿ, ವಾಲುತ್ತಲೂ ಹೋಗುತ್ತದೆ. ಎರಡು ಹಾಳೆಗಳ ನಡುವಿನ ಅಂತರ ಹಾಗೇ ಉಳಿದರೆ 20 ಮಿ.ಮೀ. ಎಳೆ 16ಕ್ಕೆ ಕುಗ್ಗುವಷ್ಟರಲ್ಲಿ ಕೋನ 20ರಿಂದ 25 ಡಿಗ್ರಿಗೆ ಏರಿ, ರಜ್ಜು 4.3 ಮಿ.ಮೀ. ಸರಿಯುತ್ತದೆ. ಎಳೆ ಕುಗ್ಗಿದ್ದು 4, ರಜ್ಜುವಿಗೆ ಸಿಕ್ಕಿದ್ದು 4.3.

ಕಾಲು ಎಷ್ಟು ತಿರುಗುತ್ತದೆ ಎಂಬುದಕ್ಕೆ ಕೀಲಿನ ನಡುವಿನಿಂದ ರಜ್ಜುವಿಗಿರುವ ದೂರ ಬೇಕು. ಫಾರ್ಮಲಿನ್ ಮುಟ್ಟದ, ಸೆಟೆತ ಬಿಟ್ಟ ಇನ್ನೊಂದು ಕಾಲಿನಲ್ಲಿ ಮೀನಖಂಡದ ರಜ್ಜುವನ್ನು ಸ್ನಾಯುವಿನಿಂದ ಕತ್ತರಿಸಿ, ದಾರ ಕಟ್ಟಿ, ಸಣ್ಣ ತೂಕ ತೂಗುಬಿಟ್ಟು ಕಣಕಾಲಿನ ಕೀಲನ್ನು 10 ಡಿಗ್ರಿ ತಿರುಗಿಸುತ್ತೇನೆ. ದಾರ 1.4 ಮಿ.ಮೀ. ಸರಿದರೆ, 10 ಡಿಗ್ರಿ ಅಂದರೆ 0.1745 ರೇಡಿಯನ್ ಆದ್ದರಿಂದ, ಆ ದೂರ 8 ಮಿ.ಮೀ. ರಜ್ಜು 4.3 ಮಿ.ಮೀ. ಸರಿದಾಗ ಕೀಲು ತಿರುಗುವುದು ಸುಮಾರು 31 ಡಿಗ್ರಿ. ಈ ದೂರ ಕೀಲು ತಿರುಗಿದಂತೆ ಬದಲಾಗುತ್ತದೆ, ಆದ್ದರಿಂದ ಪ್ರತಿ 10 ಡಿಗ್ರಿಗೂ ಹೊಸದಾಗಿ ಅಳೆದು ಬರೆದುಕೊಳ್ಳಿ.