ಹೊಸ ಎಲೆಕ್ಟ್ರಿಕ್ ಕಾರಿಗೆ ವಿಮೆ: ಮೊದಲು ಬ್ಯಾಟರಿಯ ಷರತ್ತು, ಆಮೇಲೆ ಪ್ರೀಮಿಯಂ

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರು ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಮನೆಯಲ್ಲಿ ಚಾರ್ಜರ್ ಎಲ್ಲಿ ಕೂರಿಸಬೇಕು, ಬ್ಯಾಟರಿಗೆ ಎಷ್ಟು ವರ್ಷದ ವಾರಂಟಿ ಇದೆ ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ವಿಮೆಯ ಮಾತು ಬರುವುದು ಮಾತ್ರ ಡೆಲಿವರಿ ಹತ್ತಿರ ಬಂದು, ಶೋರೂಮಿನವರು ಆನ್‌ರೋಡ್ ಬೆಲೆಯ ಚೀಟಿಯನ್ನು ಮುಂದಿಟ್ಟಾಗ. ಅದರಲ್ಲಿ ‘ಇನ್ಶೂರೆನ್ಸ್’ ಎಂಬ ಒಂದು ಸಾಲು, ಅದರ ಎದುರು ಒಂದು ಮೊತ್ತ ಇರುತ್ತದೆ. ಹೆಚ್ಚಿನವರು ಅಲ್ಲೇ ಒಪ್ಪಿ ಸಹಿ ಹಾಕುತ್ತಾರೆ. ಪೆಟ್ರೋಲ್ ಕಾರಿನ ವಿಷಯದಲ್ಲಿ ಈ ಅವಸರದಿಂದ ಆಗುವ ನಷ್ಟ ಬಹುಮಟ್ಟಿಗೆ ಕೆಲವು ಸಾವಿರ ರೂಪಾಯಿಗಳಿಗೆ ಮುಗಿಯುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಯೊಂದೇ ಕಾರಿನ ಬೆಲೆಯ ದೊಡ್ಡ ಪಾಲಾಗಿರುವುದರಿಂದ, ಪಾಲಿಸಿಯ ಒಂದೇ ಒಂದು ಷರತ್ತು ಲಕ್ಷಗಟ್ಟಲೆ ರೂಪಾಯಿಯ ವ್ಯತ್ಯಾಸ ಮಾಡಬಲ್ಲದು. ಆದ್ದರಿಂದ ಡೆಲಿವರಿಗೆ ಕನಿಷ್ಠ ಎರಡು ವಾರ ಮೊದಲೇ ಈ ಕೆಲಸ ಶುರು ಮಾಡುವುದು ಒಳ್ಳೆಯದು.

ಮೊತ್ತವನ್ನು ಬಿಡಿಸಿ ಬರೆಸಿಕೊಳ್ಳಿ

ಶೋರೂಮಿನವರು ಕೊಟ್ಟ ಮೊತ್ತದಲ್ಲಿ ಏನೇನು ಸೇರಿದೆ ಎಂಬುದನ್ನು ಮೊದಲು ಬೇರೆ ಬೇರೆಯಾಗಿ ಕೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ, ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಇದನ್ನು ಒಮ್ಮೆಗೇ ಮೂರು ವರ್ಷಕ್ಕೆ ಮಾಡಿಸಬೇಕು. ನಮ್ಮ ಕಾರಿಗೇ ಆಗುವ ಹಾನಿಗೆ ಪರಿಹಾರ ಕೊಡುವ ‘ಓನ್ ಡ್ಯಾಮೇಜ್’ ಭಾಗವನ್ನು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕೊಡುತ್ತಾರೆ. ಇವೆರಡರ ಮೇಲೆ ಆಡ್‌ಆನ್‌ಗಳು (ಬೇರೆ ಹಣ ಕೊಟ್ಟು ಪಡೆಯುವ ಹೆಚ್ಚುವರಿ ರಕ್ಷಣೆಗಳು), ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಮತ್ತು ಶೇ 18ರಷ್ಟು ಜಿಎಸ್‌ಟಿ ಸೇರುತ್ತವೆ. ನಿಮ್ಮ ಹೆಸರಿನಲ್ಲಿ ಈಗಾಗಲೇ ಅಷ್ಟು ಮೊತ್ತದ ವೈಯಕ್ತಿಕ ಅಪಘಾತ ವಿಮೆ ಇದ್ದರೆ, ಅದನ್ನು ತಿಳಿಸಿ ಆ ಸಾಲನ್ನು ತೆಗೆಸಬಹುದು.

ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಆ ಭಾಗದಲ್ಲಿ ಚೌಕಾಸಿಗೆ ಜಾಗವಿಲ್ಲ. ಆದರೆ ಲೆಕ್ಕ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಹೊಸ ಎಲೆಕ್ಟ್ರಿಕ್ ಕಾರಿಗೆ ಮೂರು ವರ್ಷದ ಪ್ರೀಮಿಯಂ, ಜಿಎಸ್‌ಟಿ ಬಿಟ್ಟು, 30 ಕಿಲೋವ್ಯಾಟ್‌ವರೆಗೆ 5,543 ರೂಪಾಯಿ, 30ರಿಂದ 65 ಕಿಲೋವ್ಯಾಟ್‌ವರೆಗೆ 9,044 ರೂಪಾಯಿ, ಅದಕ್ಕೂ ಮೇಲೆ 20,907 ರೂಪಾಯಿ. ಇಲ್ಲಿ ಹೇಳುವ ಕಿಲೋವ್ಯಾಟ್ ಮೋಟಾರಿನ ಶಕ್ತಿಯೇ ಹೊರತು, ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಸುತ್ತದೆ ಎಂದು ಹೇಳುವ ಕಿಲೋವ್ಯಾಟ್ ಅವರ್ ಅಲ್ಲ. ಹೆಸರು ಹತ್ತಿರವಿರುವುದರಿಂದ ಇವೆರಡನ್ನು ಒಂದೇ ಎಂದುಕೊಳ್ಳುವವರು ಬಹಳ. ಟಾಟಾ ಟಿಯಾಗೊ ಇವಿ ನಡುವಿನ ವರ್ಗಕ್ಕೆ ಬರುತ್ತದೆ, ನೆಕ್ಸಾನ್ ಇವಿ ಮತ್ತು ಎಂಜಿ ವಿಂಡ್ಸರ್ ಮೇಲಿನ ವರ್ಗಕ್ಕೆ ಸೇರುತ್ತವೆ. ಎಲೆಕ್ಟ್ರಿಕ್ ವಾಹನಗಳಿಗೆ ಶೇ 15ರಷ್ಟು ರಿಯಾಯಿತಿ ಇದೆ ಎಂದು ಜಾಹೀರಾತುಗಳಲ್ಲಿ ಓದಿರುತ್ತೇವೆ, ಅದು ನಿಜ. ಆದರೆ ಅದು ಆಯಾ ವರ್ಗದೊಳಗಿನ ರಿಯಾಯಿತಿ. ಅದೇ ದರಪಟ್ಟಿಯಲ್ಲಿ 1,199 ಸಿಸಿಯ ಪೆಟ್ರೋಲ್ ನೆಕ್ಸಾನ್‌ಗೆ ಮೂರು ವರ್ಷಕ್ಕೆ 10,640 ರೂಪಾಯಿ ಆಗುತ್ತದೆ, ಅಂದರೆ ಎಲೆಕ್ಟ್ರಿಕ್ ಮಾದರಿಗೆ ತೆರುವುದರ ಸರಿಸುಮಾರು ಅರ್ಧ. ಬಜೆಟ್ ಹಾಕುವಾಗ ಇದು ಗೊತ್ತಿದ್ದರೆ ಕೊನೆಯ ಗಳಿಗೆಯಲ್ಲಿ ಗಾಬರಿಯಾಗುವುದಿಲ್ಲ.

ಶೋರೂಮಿನಲ್ಲೇ ವಿಮೆ ಕೊಳ್ಳಬೇಕೆಂಬ ಕಡ್ಡಾಯ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2017ರಲ್ಲಿ ವಾಹನ ಡೀಲರುಗಳಿಗಾಗಿಯೇ ಹೊರಡಿಸಿದ ಮಾರ್ಗಸೂಚಿಯಲ್ಲಿ, ಗ್ರಾಹಕರ ಆಯ್ಕೆಯ ಹಕ್ಕನ್ನು ಮೊಟಕುಗೊಳಿಸುವಂತಿಲ್ಲ ಎಂದು ಹೇಳಿದೆ. ‘ಹೊರಗಡೆ ಮಾಡಿಸಿದರೆ ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ದುರಸ್ತಿಯ ಹಣವನ್ನು ನೇರವಾಗಿ ಗ್ಯಾರೇಜಿಗೆ ಕೊಡುವುದು) ಸಿಗುವುದಿಲ್ಲ’ ಎಂಬ ಮಾತು ಕೇಳಿಬಂದರೆ, ನೀವು ನೋಡಿಟ್ಟ ವಿಮಾ ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ಆ ಸರ್ವಿಸ್ ಸೆಂಟರಿನ ಹೆಸರಿದೆಯೇ ಎಂದು ಕಂಪನಿಯ ಜಾಲತಾಣದಲ್ಲೇ ಪರಿಶೀಲಿಸಬಹುದು. ಈ ಒಂದು ಪರಿಶೀಲನೆಯನ್ನು ತಪ್ಪಿಸಬೇಡಿ. ಹೈವೋಲ್ಟೇಜ್ ಬ್ಯಾಟರಿಯನ್ನು ಮುಟ್ಟುವ ತರಬೇತಿ ಪಡೆದ ಗ್ಯಾರೇಜುಗಳು ಜಿಲ್ಲಾ ಕೇಂದ್ರಗಳಲ್ಲೂ ಬೆರಳೆಣಿಕೆಯಷ್ಟಿರುತ್ತವೆ.

ಬ್ಯಾಟರಿಗೆ ಏನಾದರೆ ಯಾರು ಕೊಡುತ್ತಾರೆ?

ಇಡೀ ಖರೀದಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಪ್ರಶ್ನೆ ಇದು. ಬ್ಯಾಟರಿಯ ತಯಾರಿಕಾ ದೋಷಕ್ಕೆ ಕಾರು ಕಂಪನಿಯ ವಾರಂಟಿ ಇದೆ. ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಮಿತಿ, ಕೆಲವು ಮಾದರಿಗಳಿಗೆ ಇನ್ನೂ ಹೆಚ್ಚು. ಅಪಘಾತ, ಬೆಂಕಿ, ತಾನಾಗಿ ಹೊತ್ತಿಕೊಳ್ಳುವುದು, ಸಿಡಿಲು, ಪ್ರವಾಹ, ಭೂಕುಸಿತ, ಕಳವು, ಗಲಭೆ ಇವುಗಳಿಂದಾದ ಹಾನಿಗೆ ಓನ್ ಡ್ಯಾಮೇಜ್ ವಿಮೆ ಇದೆ. ಬೆಂಕಿಯ ಭಯ ಇರುವವರು ‘ತಾನಾಗಿ ಹೊತ್ತಿಕೊಳ್ಳುವುದು’ ಸಾಮಾನ್ಯ ಪಾಲಿಸಿಯಲ್ಲೇ ಸೇರಿದೆ ಎಂಬುದನ್ನು ಗಮನಿಸಬೇಕು. ಅದಕ್ಕೆಂದು ಬೇರೆ ಹಣ ಕೊಡಬೇಕಾಗಿಲ್ಲ.

ಕಷ್ಟ ಇರುವುದು ವಾರಂಟಿ ಮತ್ತು ವಿಮೆ ಇವೆರಡರ ನಡುವೆ. ಸಾಮಾನ್ಯ ಪಾಲಿಸಿಯು ವಿದ್ಯುತ್ ಅಥವಾ ಯಾಂತ್ರಿಕ ವೈಫಲ್ಯವನ್ನೂ, ಸವೆತವನ್ನೂ, ಮೊದಲ ಹಾನಿಯ ಪರಿಣಾಮವಾಗಿ ಆಮೇಲೆ ಆಗುವ ಹಾನಿಯನ್ನೂ ಹೊರಗಿಡುತ್ತದೆ. ಚಾರ್ಜ್ ಆಗುತ್ತಿರುವಾಗ ವೋಲ್ಟೇಜ್ ಏರಿಳಿದು ಕಾರಿನೊಳಗಿನ ಚಾರ್ಜರ್ ಸುಟ್ಟರೆ, ವಾರಂಟಿಯವರು ಇದು ಹೊರಗಿನ ಕಾರಣ ಎನ್ನಬಹುದು, ವಿಮೆಯವರು ಇದು ವಿದ್ಯುತ್ ವೈಫಲ್ಯ ಎನ್ನಬಹುದು. ನೀರಿನ ವಿಷಯವೂ ಹೀಗೆಯೇ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಸುತ್ತ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿ ನಿಂತದ್ದನ್ನು ನೋಡಿದ್ದೇವೆ. ಬ್ಯಾಟರಿ ಪೆಟ್ಟಿಗೆಗೆ ಐಪಿ67 ರಕ್ಷಣೆ ಇದೆ ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ರಾತ್ರಿಯಿಡೀ ನಿಂತ ನೀರಿಗೆ ಅದು ಭರವಸೆಯಲ್ಲ. ನಿಂತಿದ್ದ ಕಾರು ಮುಳುಗಿದರೆ ಅದು ಪ್ರವಾಹದ ಹಾನಿ. ನೀರು ಇಳಿದ ಮೇಲೆ ಕಾರನ್ನು ಸ್ಟಾರ್ಟ್ ಮಾಡಿದ್ದರಿಂದಲೋ ಚಾರ್ಜಿಗೆ ಹಾಕಿದ್ದರಿಂದಲೋ ಶಾರ್ಟ್ ಸರ್ಕಿಟ್ ಆದರೆ, ಅದನ್ನು ಪರಿಣಾಮದ ಹಾನಿ ಎಂದು ತಳ್ಳಿಹಾಕಲು ಅವಕಾಶವಿದೆ.

ಮೂರನೆಯದು ಕಾರಿನ ತಳ. ಬ್ಯಾಟರಿ ಪೆಟ್ಟಿಗೆ ಎರಡು ಚಕ್ರಸಾಲುಗಳ ನಡುವೆ, ನೆಲಕ್ಕೆ ಮುಖ ಮಾಡಿ ಕೂತಿರುತ್ತದೆ. ಎತ್ತರದ ಹಂಪ್, ಮಲೆನಾಡಿನ ಕಚ್ಚಾ ರಸ್ತೆಯಲ್ಲಿ ಎದ್ದು ನಿಂತ ಕಲ್ಲು ಅದರ ಕವಚವನ್ನು ಅಂಗೈಯಷ್ಟಗಲ ತಗ್ಗಿಸಿದರೂ, ಒಳಗಿನ ಸೆಲ್‌ಗಳಿಗೆ ಪೆಟ್ಟಾಗಿದೆಯೇ ಎಂಬುದನ್ನು ಹೊರಗಿನಿಂದ ಹೇಳಲಾಗದು. ಆಗ ಕವಚ ಮಾತ್ರ ಬದಲಿಸುವುದೋ, ಇಡೀ ಪ್ಯಾಕ್ ಬದಲಿಸುವುದೋ ಎಂಬ ಪ್ರಶ್ನೆ ಏಳುತ್ತದೆ. ಸರ್ವಿಸ್ ಸೆಂಟರ್ ಒಂದು ಹೇಳಿದರೆ, ವಿಮಾ ಕಂಪನಿಯ ಪರವಾಗಿ ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಇನ್ನೊಂದು ಹೇಳುವುದು ಇಲ್ಲಿಯೇ. ಬ್ಯಾಟರಿ ಪ್ರೊಟೆಕ್ಟ್, ಬ್ಯಾಟರಿ ಸೆಕ್ಯೂರ್ ಮುಂತಾದ ಹೆಸರಿನ ಆಡ್‌ಆನ್‌ಗಳು ಈ ನಡುವಿನ ಜಾಗವನ್ನು ತುಂಬಲೆಂದು ಬಂದವು. ಆದರೆ ಹೆಸರು ಒಂದೇ ರೀತಿ ಇದ್ದರೂ ಒಳಗಿನ ಷರತ್ತು ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಪಾಲಿಸಿಯ ಪೂರ್ಣ ಷರತ್ತುಪತ್ರವನ್ನು ತರಿಸಿಕೊಂಡು, ನೀರು ನುಗ್ಗುವಿಕೆ, ವೋಲ್ಟೇಜ್ ಏರಿಳಿತ, ತಳಕ್ಕೆ ಬಿದ್ದ ಪೆಟ್ಟು ಈ ಮೂರೂ ಅದರಲ್ಲಿ ಸ್ಪಷ್ಟವಾಗಿ ಸೇರಿವೆಯೇ, ಮೋಟಾರು ಮತ್ತು ಕಂಟ್ರೋಲರ್‌ಗಳಿಗೂ ರಕ್ಷಣೆ ಇದೆಯೇ ಎಂದು ಓದಬೇಕು.

ಸವಕಳಿಯ ಲೆಕ್ಕ

ಹಾನಿ ವಿಮೆಯೊಳಗೆ ಬಂದರೂ ಪೂರ್ತಿ ಹಣ ಬರುವುದಿಲ್ಲ. ಬಿಡಿಭಾಗದ ಬೆಲೆಯಲ್ಲಿ ಸವಕಳಿಯನ್ನು, ಅಂದರೆ ಬಳಕೆಯಿಂದ ಇಳಿದ ಮೌಲ್ಯವನ್ನು, ಕಳೆದು ಕೊಡುವುದು ಸಾಮಾನ್ಯ ಪಾಲಿಸಿಯ ನಿಯಮ. ವಾಹನ ವಿಮೆಯ ಹಳೆಯ ನಿಯಮಗಳಿಂದ ಬಂದ ಪಟ್ಟಿಯಲ್ಲಿ ಗಾಜಿಗೆ ಸವಕಳಿ ಇಲ್ಲ, ಫೈಬರ್ ಗ್ಲಾಸ್ ಭಾಗಗಳಿಗೆ ಶೇ 30, ರಬ್ಬರ್, ಪ್ಲಾಸ್ಟಿಕ್, ಟೈರ್, ಏರ್‌ಬ್ಯಾಗ್ ಮತ್ತು ಬ್ಯಾಟರಿಗಳಿಗೆ ಶೇ 50. ಈ ಸಾಲು ಬರೆದ ಕಾಲದಲ್ಲಿ ಬ್ಯಾಟರಿ ಎಂದರೆ ಬಾನೆಟ್ ಕೆಳಗಿನ, ಕೆಲವು ಸಾವಿರ ರೂಪಾಯಿಯ 12 ವೋಲ್ಟ್ ಬ್ಯಾಟರಿ. ಅದೇ ಸಾಲನ್ನು, ಉದಾಹರಣೆಗೆ, 6 ಲಕ್ಷ ರೂಪಾಯಿಯ ಬ್ಯಾಟರಿ ಪ್ಯಾಕಿಗೆ ಅನ್ವಯಿಸಿದರೆ 3 ಲಕ್ಷ ರೂಪಾಯಿ ಕೈಯಿಂದ ಹೋಗುತ್ತದೆ. ಇದನ್ನು ತಪ್ಪಿಸುವುದು ಝೀರೋ ಡೆಪ್ರಿಸಿಯೇಷನ್ ಆಡ್‌ಆನ್. ಅದನ್ನು ಕೊಳ್ಳುವಾಗ ಹೈವೋಲ್ಟೇಜ್ ಬ್ಯಾಟರಿಯೂ ಅದರೊಳಗೆ ಬರುತ್ತದೆಯೇ, ವರ್ಷಕ್ಕೆ ಎಷ್ಟು ಕ್ಲೇಮ್‌ಗಳಿಗೆ ಅವಕಾಶ ಎಂಬ ಎರಡು ಪ್ರಶ್ನೆಗಳಿಗೆ ಇಮೇಲ್‌ನಲ್ಲೇ ಉತ್ತರ ಪಡೆದುಕೊಳ್ಳಿ. ಫೋನಿನಲ್ಲಿ ‘ಎಲ್ಲ ಕವರ್ ಆಗುತ್ತೆ ಸಾರ್’ ಎಂದದ್ದು ಕ್ಲೇಮ್ ಬಂದಾಗ ದಾಖಲೆಯಾಗಿ ನಿಲ್ಲುವುದಿಲ್ಲ.

ಐಡಿವಿಯನ್ನು ಇಳಿಸಬೇಡಿ

ಕಾರು ಕಳವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತವೇ ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ). ಆರು ತಿಂಗಳೊಳಗಿನ ಕಾರಿಗೆ ಕಂಪನಿಯ ಮಾರಾಟ ಬೆಲೆಯಲ್ಲಿ ಶೇ 5 ಕಳೆದು ಇದನ್ನು ಲೆಕ್ಕ ಹಾಕುತ್ತಾರೆ: 15 ಲಕ್ಷ ರೂಪಾಯಿಯ ಕಾರಿಗೆ 14.25 ಲಕ್ಷ. ದುರಸ್ತಿಯ ಖರ್ಚು ಐಡಿವಿಯ ಶೇ 75ನ್ನು ಮೀರಿದರೆ ಕಾರನ್ನು ಪೂರ್ಣ ನಷ್ಟ ಎಂದು ಪರಿಗಣಿಸುತ್ತಾರೆ. ಈ ಉದಾಹರಣೆಯಲ್ಲಿ ಆ ಗೆರೆ ಸುಮಾರು 10.69 ಲಕ್ಷ. ಪೆಟ್ರೋಲ್ ಕಾರಿಗೆ ಭಾರೀ ಅಪಘಾತವಾದಾಗ ಮಾತ್ರ ದಾಟುವ ಈ ಗೆರೆಯನ್ನು, ಬ್ಯಾಟರಿ ಬದಲಿಸಬೇಕಾದ ಎಲೆಕ್ಟ್ರಿಕ್ ಕಾರು ಮುಂಭಾಗದ ಸ್ವಲ್ಪ ಹಾನಿಯೊಂದಿಗೇ ದಾಟಿಬಿಡಬಹುದು. ಪ್ರೀಮಿಯಂ ಕಡಿಮೆ ತೋರಿಸಲು ಐಡಿವಿಯನ್ನು ಇಳಿಸಿದ ಕೊಟೇಶನ್‌ಗಳನ್ನು ಈ ಕಾರಣಕ್ಕೇ ಪಕ್ಕಕ್ಕಿಡಬೇಕು.

ಪೂರ್ಣ ನಷ್ಟದಲ್ಲಿ ಝೀರೋ ಡೆಪ್ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ರಿಟರ್ನ್ ಟು ಇನ್‌ವಾಯ್ಸ್ ಎಂಬ ಆಡ್‌ಆನ್. ಅದು ಇನ್‌ವಾಯ್ಸ್ ಬೆಲೆಯನ್ನು, ಹೆಚ್ಚಿನ ಪಾಲಿಸಿಗಳಲ್ಲಿ ನೋಂದಣಿ ಶುಲ್ಕ ಮತ್ತು ರಸ್ತೆ ತೆರಿಗೆಯನ್ನೂ ಸೇರಿಸಿ, ಹಿಂದಿರುಗಿಸುತ್ತದೆ. ಸಾಲದ ಮೇಲೆ ಕೊಳ್ಳುವವರು, ಮೊದಲ ಎರಡು ಮೂರು ವರ್ಷ ಬಾಕಿ ಹೆಚ್ಚಿರುವುದರಿಂದ, ಇದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ಯೋಜನೆಯಲ್ಲಿ ಕಾರು ಕೊಂಡಿದ್ದರೆ, ಐಡಿವಿಯಲ್ಲಿ ಬ್ಯಾಟರಿಯ ಬೆಲೆ ಸೇರಿದೆಯೇ ಎಂದು ವಿಶೇಷವಾಗಿ ಕೇಳಿ.

ಉಳಿದ ಆಡ್‌ಆನ್‌ಗಳು

ಗೋಡೆಗೆ ಕೂರಿಸಿದ ಚಾರ್ಜರ್ ಕಾರಿನ ಭಾಗವಲ್ಲ. ಅದಕ್ಕೂ ಕೇಬಲ್‌ಗೂ ರಕ್ಷಣೆ ಬೇಕಿದ್ದರೆ ಬೇರೆಯೇ ಕೇಳಬೇಕು. ರಸ್ತೆ ನೆರವಿನ ಆಡ್‌ಆನ್‌ನಲ್ಲಿ ಫ್ಲಾಟ್‌ಬೆಡ್ ಟೋಯಿಂಗ್ ಇರಲೇಬೇಕು. ಚಕ್ರ ನೆಲಕ್ಕೆ ತಾಗಿಸಿಕೊಂಡು ಎಳೆದರೆ ಮೋಟಾರಿಗೆ ಹಾನಿಯಾಗಬಹುದು. ಚಾರ್ಜ್ ಮುಗಿದು ನಿಂತರೂ ನೆರವು ಸಿಗುತ್ತದೆಯೇ, ಎಷ್ಟು ಕಿಲೋಮೀಟರ್‌ವರೆಗೆ ಎಂಬುದನ್ನೂ ನೋಡಿ. ಕೂಲೆಂಟ್, ನಟ್ಟು, ಬೋಲ್ಟುಗಳಿಗೆ ಕನ್ಸ್ಯೂಮಬಲ್ಸ್ ಆಡ್‌ಆನ್ ಅಗ್ಗವಾಗಿದ್ದರೆ ತೆಗೆದುಕೊಳ್ಳಬಹುದು. ಕೀ, ಲಗೇಜ್, ದಿನಭತ್ಯೆ ಇವುಗಳನ್ನು ಬಿಟ್ಟರೂ ನಷ್ಟವಿಲ್ಲ.

ಹಳೆಯ ಕಾರಿನ ಎನ್‌ಸಿಬಿ

ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುತ್ತದೆ, ಮತ್ತು ಅದು ಕಾರಿನದ್ದಲ್ಲ, ಮಾಲೀಕರದ್ದು. ಹಳೆಯ ಪೆಟ್ರೋಲ್ ಕಾರನ್ನು ಮಾರಿ ಎಲೆಕ್ಟ್ರಿಕ್ ಕಾರು ಕೊಳ್ಳುವವರು, ಮಾರಾಟದ ದಾಖಲೆ ಕೊಟ್ಟು ಹಳೆಯ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ 30,000 ರೂಪಾಯಿ ಇದ್ದರೆ, ಶೇ 50ರ ಎನ್‌ಸಿಬಿ ಅದನ್ನು 15,000ಕ್ಕೆ ಇಳಿಸುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಕಾರು ಕೊಟ್ಟು ಬರುವ ಗಡಿಬಿಡಿಯಲ್ಲಿ ಎಷ್ಟೋ ಕುಟುಂಬಗಳು ಈ ಪತ್ರವನ್ನೇ ಕೇಳುವುದಿಲ್ಲ. ಹಳೆಯ ಕಾರನ್ನೂ ಇಟ್ಟುಕೊಳ್ಳುವುದಾದರೆ ಎನ್‌ಸಿಬಿ ಅದರೊಂದಿಗೇ ಉಳಿಯುತ್ತದೆ.

ಕೊಟೇಶನ್ ಹೋಲಿಸಿ, ಪಾಲಿಸಿ ಪರಿಶೀಲಿಸಿ

ಈಗ ಮೂರು ನಾಲ್ಕು ಕಂಪನಿಗಳಿಂದ, ಅವುಗಳಲ್ಲಿ ಸರ್ಕಾರಿ ವಲಯದ ಒಂದಾದರೂ ಇರುವಂತೆ, ಒಂದೇ ಐಡಿವಿ, ಒಂದೇ ಆಡ್‌ಆನ್‌ಗಳು, ಒಂದೇ ಎನ್‌ಸಿಬಿ ಇಟ್ಟು ಕೊಟೇಶನ್ ತರಿಸಿಕೊಳ್ಳಿ. ಇವು ಒಂದೇ ಆಗಿಲ್ಲದಿದ್ದರೆ ಪ್ರೀಮಿಯಂ ಹೋಲಿಕೆಗೆ ಅರ್ಥವಿಲ್ಲ. ಅವನ್ನು ಶೋರೂಮಿನವರಿಗೆ ತೋರಿಸಿದಾಗ ಅವರೂ ದರ ಇಳಿಸುವುದುಂಟು. ಷರತ್ತುಗಳು ಸಮನಾಗಿದ್ದರೆ ಅಲ್ಲೇ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಸ್ವಯಂಪ್ರೇರಿತ ಕಡಿತವನ್ನು ಒಪ್ಪಿ ಪ್ರೀಮಿಯಂ ಉಳಿಸುವ ಸಲಹೆ ಬಂದರೆ, ಪ್ರತಿ ಕ್ಲೇಮ್‌ನಲ್ಲೂ ಅಷ್ಟು ಹಣ ನೀವೇ ಕೊಡಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಪಾಲಿಸಿ ಕೈಗೆ ಬಂದ ದಿನವೇ ಹೆಸರು, ಚಾಸಿ ಸಂಖ್ಯೆ, ಮೋಟಾರ್ ಸಂಖ್ಯೆ, ಕಿಲೋವ್ಯಾಟ್, ಸಾಲ ಕೊಟ್ಟ ಬ್ಯಾಂಕಿನ ಹೆಸರು, ಎನ್‌ಸಿಬಿ ಮತ್ತು ಪ್ರತಿಯೊಂದು ಆಡ್‌ಆನ್ ಸರಿಯಾಗಿ ನಮೂದಾಗಿವೆಯೇ ಎಂದು ನೋಡಿ, ತಪ್ಪಿದ್ದರೆ ತಿದ್ದುಪಡಿ ಮಾಡಿಸಿ. ಪಾಲಿಸಿಯ ಮುಖ್ಯಾಂಶಗಳಿರುವ ಗ್ರಾಹಕರ ಮಾಹಿತಿ ಪತ್ರವನ್ನು ಮನೆಯವರ ಮೊಬೈಲ್‌ಗೂ ಕಳುಹಿಸಿಡಿ.

ಹಾನಿಯಾದಾಗ ಕಾರನ್ನು ಸ್ಟಾರ್ಟ್ ಮಾಡದೆ, ಚಾರ್ಜಿಗೂ ಹಾಕದೆ, ಇದ್ದಲ್ಲೇ ಫೋಟೊ ತೆಗೆದು ಮೊದಲು ವಿಮಾ ಕಂಪನಿಗೆ ತಿಳಿಸಿ. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು ಎಂದು ಐಆರ್‌ಡಿಎಐ 2024ರಲ್ಲಿ ಹೇಳಿದೆ. ಕಂಪನಿಯ ಉತ್ತರ ತೃಪ್ತಿ ಕೊಡದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಆಮೇಲೂ ಬಗೆಹರಿಯದಿದ್ದರೆ 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ವಿಮಾ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಯ್ಯಬಹುದು. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.